ಲೋಕಸಭೆಯ ಒಂದು ದಿನದ ಕಲಾಪವನ್ನು ದಾಖಲೆಗಳಲ್ಲಿ ಓದುವುದು ಹೇಗೆ?

ಯಶವಂತಪುರ ನಿವಾಸಿ:
ಬೆಂಗಳೂರು ಉಪನಗರ ರೈಲಿನ ಬಗ್ಗೆ ಲೋಕಸಭೆಯಲ್ಲಿ ಏನೇನು ನಡೆದಿದೆ ಎಂದು ನಮ್ಮ ನಿವಾಸಿಗಳ ಸಂಘದಿಂದ ಒಂದು ಕಡತ ಮಾಡುತ್ತಿದ್ದೇವೆ. ವಾಟ್ಸ್ಆ್ಯಪ್‌ನಲ್ಲಿ ಬರುವುದು ಒಂದೆರಡು ನಿಮಿಷದ ವಿಡಿಯೊ ತುಣುಕು, ಪತ್ರಿಕೆಯಲ್ಲಿ ಬರುವುದು ‘ಗದ್ದಲ, ಕಲಾಪ ಮುಂದೂಡಿಕೆ’ ಅಷ್ಟೇ. ತಿಳಿದವರು ಇಷ್ಟು ಹೇಳಿ: ಒಂದು ದಿನದ ಪೂರ್ತಿ ದಾಖಲೆ ಎಲ್ಲಿದೆ, ಯಾವುದನ್ನು ಮೊದಲು ಓದಬೇಕು? ಬೆಳಿಗ್ಗೆಯೇ ಸದನ ಮುಂದೂಡಿದರೆ ಅಂದಿನ ಪ್ರಶ್ನೆಗಳ ಗತಿ ಏನು? ಶೂನ್ಯವೇಳೆಯಲ್ಲಿ, ಅಂದರೆ ಪ್ರಶ್ನೋತ್ತರದ ನಂತರ ತುರ್ತು ವಿಷಯ ಎತ್ತುವ ಹೊತ್ತಿನಲ್ಲಿ, ಸಂಸದರು ಮಾತಾಡಿದರೆ ಸಚಿವರು ಉತ್ತರ ಕೊಡಲೇಬೇಕೇ?

ಕಲಾಪ ವೀಕ್ಷಕ:
ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಹೆಚ್ಚಿನವರು ತಪ್ಪು ತಿಳಿದಿರುವುದು ಅಲ್ಲೇ.

ಲೋಕಸಭೆ ಬೆಳಿಗ್ಗೆ 11ಕ್ಕೆ ಸೇರುತ್ತದೆ, 12ರವರೆಗೆ ಪ್ರಶ್ನೋತ್ತರ ವೇಳೆ. ಒಂದು ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ. ಚುಕ್ಕೆ ಗುರುತಿನದಕ್ಕೆ ಸಚಿವರು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು, ಉಳಿದ 230ಕ್ಕೆ ಲಿಖಿತ ಉತ್ತರ. ಸದನ 11 ಗಂಟೆ 5 ನಿಮಿಷಕ್ಕೇ ಮುಂದೂಡಿದರೂ ಈ 250 ಉತ್ತರಗಳೂ ಅಂದೇ ಸದನದ ಮುಂದೆ ಮಂಡನೆಯಾಗುತ್ತವೆ. ಬಾಯಿಮಾತಿನ ಸರದಿ ಸಿಗದೆ ಉಳಿದ ಚುಕ್ಕೆ ಪ್ರಶ್ನೆಗಳ ಉತ್ತರವನ್ನೂ ಲಿಖಿತ ಉತ್ತರವೆಂದೇ ಪರಿಗಣಿಸುತ್ತಾರೆ. ಹಾಗಾಗಿ ‘ಕಲಾಪ ಬಲಿ’ ಎಂಬ ಶೀರ್ಷಿಕೆ ಬಂದ ದಿನದಲ್ಲೂ ನಿಮ್ಮ ಕಡತಕ್ಕೆ ಬೇಕಾದ್ದು ಸಿಗಬಹುದು.

ನಿಜವಾಗಿ ಕೈತಪ್ಪುವುದು ಉಪಪ್ರಶ್ನೆ. ಕೇಳಿದ ಸದಸ್ಯರಿಗೆ ಎರಡು ಉಪಪ್ರಶ್ನೆಗೆ ಅವಕಾಶ, ಆಮೇಲೆ ಸ್ಪೀಕರ್ ಕರೆದರೆ ಬೇರೆಯವರಿಗೂ ಉಂಟು. ಅಧಿಕಾರಿಗಳು ಬರೆದುಕೊಟ್ಟ ಉತ್ತರವನ್ನು ದಾಟಿ ಸಚಿವರು ಮಾತಾಡಬೇಕಾಗುವುದು ಅಲ್ಲಿ ಮಾತ್ರ. ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಲಿಖಿತ ಸಾಲಿಗೆ ‘ಯಾವ ತಿಂಗಳಿಗೆ ಮುಗಿಯುತ್ತದೆ?’ ಎಂದು ಮರುಕ್ಷಣವೇ ಕೇಳುವ ಅವಕಾಶ ಅದು. ಗದ್ದಲದಲ್ಲಿ ಅದು ಹೋಗುವುದು ನನ್ನ ಮಟ್ಟಿಗೆ ದೊಡ್ಡ ನಷ್ಟ.

ಈಗ ಓದುವ ಕ್ರಮ. ಸಂಸತ್ತಿನ ಜಾಲತಾಣ ಸಂಸದ್ ಡಾಟ್ ಇನ್‌ನಲ್ಲಿ ಲೋಕಸಭೆಯ ವಿಭಾಗಕ್ಕೆ ಹೋಗಿ. ಮೊದಲು ಆ ದಿನದ ಕಲಾಪ ಪಟ್ಟಿ ತೆಗೆಯಿರಿ, ಏನೇನು ನಡೆಯಬೇಕಿತ್ತು ಎಂಬುದು ಅದರಲ್ಲಿದೆ. ಪರಿಷ್ಕೃತ ಪಟ್ಟಿ, ಪೂರಕ ಪಟ್ಟಿ ಬಂದಿದ್ದರೆ ಅವನ್ನೂ ನೋಡಿ, ಮಸೂದೆಗಳು ಕೆಲವೊಮ್ಮೆ ಪೂರಕ ಪಟ್ಟಿಯಲ್ಲೇ ಬರುತ್ತವೆ. ಬಳಿಕ ಬುಲೆಟಿನ್ ಭಾಗ 1. ಸದನ ಎಷ್ಟಕ್ಕೆ ಸೇರಿತು, ಎಷ್ಟಕ್ಕೆ ಮುಂದೂಡಿತು, ಯಾವ ವಿಷಯ ಕೈಗೆತ್ತಿಕೊಂಡಿತು, ಮಸೂದೆ ಯಾವ ಹಂತ ದಾಟಿತು ಎಂದು ಅದರಲ್ಲಿ ಚಿಕ್ಕದಾಗಿ ಇರುತ್ತದೆ. ಈ ಎರಡನ್ನು ಪಕ್ಕಪಕ್ಕ ಇಟ್ಟರೆ ಏನು ಬಿಟ್ಟುಹೋಯಿತು ಎಂದು ಕಾಣುತ್ತದೆ. ಭಾಗ 2ರಲ್ಲಿ ಸದಸ್ಯರಿಗೆ ಕೊಡುವ ಸೂಚನೆಗಳಿರುತ್ತವೆ, ನಿಮಗೆ ಅಷ್ಟಾಗಿ ಬೇಕಾಗದು. ಕೊನೆಗೆ ಚರ್ಚೆಗಳ ಪೂರ್ಣಪಾಠ. ಮೊದಲು ಬರುವುದು ತಿದ್ದುಪಡಿಯಾಗದ ಪಾಠ. ಕಡತದಲ್ಲಿ ಉಲ್ಲೇಖಿಸುವುದಾದರೆ ಅಂತಿಮ ಪಾಠ ಬರುವವರೆಗೆ ಕಾಯಿರಿ.

ಪೂರ್ಣಪಾಠ ಓದುವಾಗ ನಕ್ಷತ್ರ ಚಿಹ್ನೆ ಕಂಡರೆ ಅಡಿಟಿಪ್ಪಣಿ ನೋಡದೆ ಮುಂದೆ ಹೋಗಬೇಡಿ. ನಿಯಮ 380ರಡಿ ಸ್ಪೀಕರ್ ಕಡತದಿಂದ ತೆಗೆಸಿದ ಮಾತಿನ ಜಾಗದಲ್ಲಿ ಆ ಚಿಹ್ನೆ ಇರುತ್ತದೆ. ‘ದಾಖಲಾಗಿಲ್ಲ’ ಎಂಬ ಟಿಪ್ಪಣಿಯೂ ಬರುತ್ತದೆ, ಅದು ಪೀಠ (ಸ್ಪೀಕರ್ ಅಥವಾ ಅವರ ಬದಲು ಸದನ ನಡೆಸುವವರು) ಅವಕಾಶ ಕೊಡದಿದ್ದಾಗ ಆಡಿದ ಮಾತಿಗೆ. ವಾಟ್ಸ್ಆ್ಯಪ್ ತುಣುಕಿನಲ್ಲಿ ಕೇಳಿದ ಮಾತು ಅಧಿಕೃತ ದಾಖಲೆಯಲ್ಲಿ ಇಲ್ಲದಿರುವುದಕ್ಕೆ ಸಾಮಾನ್ಯವಾಗಿ ಇವೇ ಕಾರಣ.

ಬಸವನಗುಡಿ ಓದುಗ:
ಮೇಲಿನವರು ಹೇಳಿದ್ದು ಸರಿ. ಶೂನ್ಯವೇಳೆಯ ಬಗ್ಗೆ ನಾನು ಸೇರಿಸುತ್ತೇನೆ. ಉತ್ತರ ಕೊಡಲೇಬೇಕೆಂಬ ಕಡ್ಡಾಯವಿಲ್ಲ. ಆ ಹೆಸರೇ ಲೋಕಸಭೆಯ ನಿಯಮಾವಳಿಯಲ್ಲಿಲ್ಲ, 1960ರ ದಶಕದಲ್ಲಿ ರೂಢಿಯಿಂದ ಬೆಳೆದದ್ದು. 12 ಗಂಟೆಗೆ ಪ್ರಶ್ನೋತ್ತರ ಮುಗಿದು, ನಿಲುವಳಿ ಸೂಚನೆಗಳ (ಬೇರೆ ಕೆಲಸ ಬದಿಗಿಟ್ಟು ತುರ್ತು ವಿಷಯ ಚರ್ಚಿಸಬೇಕೆಂಬ ಕೋರಿಕೆಗಳ) ಬಗ್ಗೆ ಸ್ಪೀಕರ್ ತೀರ್ಮಾನ ಹೇಳಿ, ಸಚಿವರು ಕಾಗದಪತ್ರ ಮಂಡಿಸಿದ ಮೇಲೆ ಇದು ಶುರು. ಸಿಗುವುದು ಕೆಲವೇ ನಿಮಿಷ, ಸಮಯ ಮುಗಿದರೆ ಮೈಕ್ ಬಂದ್. ಸಂಬಂಧಪಟ್ಟ ಸಚಿವರು ಸದನದಲ್ಲೇ ಇದ್ದು ತಾವಾಗಿ ಎದ್ದು ಹೇಳಿದರೆ ಉಂಟು, ಇಲ್ಲವಾದರೆ ಇಲ್ಲ.

ಊರಿನ ಸಮಸ್ಯೆಗೆ ಇದಕ್ಕಿಂತ ಗಟ್ಟಿ ದಾರಿ ನಿಯಮ 377. ಸದಸ್ಯರು 250 ಪದ ಮೀರದ ಬರಹ ಕೊಡಬೇಕು, ಅದನ್ನು ಓದುತ್ತಾರೆ ಅಥವಾ ಗದ್ದಲವಿದ್ದರೆ ಓದಿದಂತೆಯೇ ಮಂಡಿಸುತ್ತಾರೆ. ಸಚಿವಾಲಯ ಒಂದು ತಿಂಗಳೊಳಗೆ ಸದಸ್ಯರಿಗೆ ಉತ್ತರ ಬರೆಯಬೇಕು ಎಂಬುದು ಪದ್ಧತಿ. ಆ ಪತ್ರ ಸಂಸದರ ಕೈಗೆ ಬರುತ್ತದೆ. ಆದ್ದರಿಂದ ಭಾಷಣದ ದಿನಾಂಕ ಗುರುತು ಹಾಕಿಕೊಂಡು, ಒಂದೂವರೆ ತಿಂಗಳಾದ ಮೇಲೆ ಅವರ ಕಚೇರಿಗೆ ಹೋಗಿ ‘ಇಂಥ ದಿನದ 377ಕ್ಕೆ ಬಂದ ಉತ್ತರದ ಪ್ರತಿ ಕೊಡಿ’ ಎಂದು ಕೇಳಿ. ವಿಡಿಯೊ ಹಂಚಿದಷ್ಟು ಉತ್ಸಾಹದಲ್ಲಿ ಈ ಪತ್ರವನ್ನು ಹಂಚುವ ರೂಢಿ ನಮ್ಮಲ್ಲಿ ಬರಬೇಕು.

ಯಶವಂತಪುರ ನಿವಾಸಿ:
ಇಬ್ಬರಿಗೂ ಧನ್ಯವಾದ ಸರ್. ಜಾಲತಾಣದಲ್ಲಿ ನಮ್ಮ ವಿಷಯ ಹುಡುಕಿದರೆ ಅರ್ಧಂಬರ್ಧ ಬರುತ್ತಿದೆ. ಇನ್ನೊಂದು, ನಮ್ಮ ಸಂಸದರ ಮೂಲಕ ಪ್ರಶ್ನೆ ಕೇಳಿಸುವುದಾದರೆ ಕರಡು ಹೇಗಿರಬೇಕು?

ಕಡತದ ಕೆಲಸ:
ಹುಡುಕಾಟದ ತೊಂದರೆ ಇಂಗ್ಲಿಷ್ ಕಾಗುಣಿತದ್ದು. ಪ್ರಶ್ನೆಗಳೂ ಉತ್ತರಗಳೂ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ‘ಬೆಂಗಳೂರು’, ‘ಬ್ಯಾಂಗಲೋರ್’ ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು ನೋಡಿ. ನಿಮ್ಮ ಊರನ್ನು ರೈಲ್ವೆಯವರು ‘ಯೆಸ್ವಂತ್‌ಪುರ್’ ಎಂದು ಬರೆಯುತ್ತಾರೆ, ನಾವು ಬರೆಯುವ ಹಾಗೆ ಬರೆದರೆ ಸಿಗುವುದಿಲ್ಲ. ‘ಸಬರ್ಬನ್’ ಪದವನ್ನು ನಡುವೆ ಅಡ್ಡಗೆರೆ ಹಾಕಿಯೂ ಹಾಕದೆಯೂ ಹುಡುಕಿ. ಇದಕ್ಕಿಂತ ಸಲೀಸು, ಪದ ಬಿಟ್ಟು ಸಚಿವಾಲಯ ಮತ್ತು ದಿನಾಂಕದಿಂದ ಹೋಗುವುದು. ಸಚಿವಾಲಯಗಳನ್ನು ವಾರದ ಐದು ದಿನಕ್ಕೆ ಹಂಚಿರುತ್ತಾರೆ. ಲೋಕಸಭೆಯಲ್ಲಿ ರೈಲ್ವೆಯ ಸರದಿ ಇತ್ತೀಚೆಗೆ ಬುಧವಾರ. ಅಧಿವೇಶನದ ಬುಧವಾರಗಳ ಪಟ್ಟಿ ಮಾಡಿಕೊಂಡು ರೈಲ್ವೆ ಉತ್ತರಗಳ ಶೀರ್ಷಿಕೆ ಮೇಲೆ ಕಣ್ಣಾಡಿಸಿ.

ಕರಡು ಬರೆಯುವಾಗ ಕಾಲ ಮುಖ್ಯ. ಉತ್ತರ ಬರಬೇಕಾದ ದಿನಕ್ಕಿಂತ ಪೂರ್ತಿ 15 ದಿನ ಮೊದಲೇ ಸಂಸದರ ನೋಟಿಸ್ ಸಲ್ಲಿಕೆಯಾಗಿರಬೇಕು. ಅಧಿವೇಶನ ಶುರುವಾದ ಮೇಲೆ ಮನವಿ ಹಿಡಿದು ಹೋದರೆ ಮೊದಲ ಎರಡು ವಾರದ ಸರದಿ ಆಗಲೇ ಕೈಬಿಟ್ಟಿರುತ್ತದೆ. ಬಂದ ನೋಟಿಸುಗಳಲ್ಲಿ ಯಾವುದಕ್ಕೆ ಅವಕಾಶ ಎಂಬುದು ಚೀಟಿ ಎತ್ತುವಿಕೆಯಲ್ಲಿ ತೀರ್ಮಾನವಾಗುವುದರಿಂದ, ಬೆಂಗಳೂರಿನ ನಾಲ್ಕೂ ಕ್ಷೇತ್ರಗಳ ಸಂಸದರಿಗೆ ಒಂದೇ ಕರಡು ಕೊಡುವುದು ಒಳ್ಳೆಯದು. ಪಕ್ಷ ನೋಡಬೇಡಿ.

150 ಪದದೊಳಗೆ ಮುಗಿಸಿ. ದೂರು, ವಾದ, ಊಹೆ ಇದ್ದರೆ ತಿರಸ್ಕೃತವಾಗುತ್ತದೆ. ಹಿಂದೆ ಉತ್ತರ ಬಂದದ್ದನ್ನೇ ಮತ್ತೆ ಕೇಳಿದರೂ ಹಾಗೆಯೇ, ನ್ಯಾಯಾಲಯದಲ್ಲಿರುವ ವಿಷಯವೂ ಹಾಗೆಯೇ. ‘ಯೋಜನೆ ಏಕೆ ಕುಂಟುತ್ತಿದೆ?’ ಎಂದು ಬರೆಯಬೇಡಿ. ಹೀಗೆ ಬರೆಯಿರಿ: 2020ರಲ್ಲಿ ಮಂಜೂರಾದ 15,767 ಕೋಟಿ ರೂಪಾಯಿ ಅಂದಾಜಿನ, ನಾಲ್ಕು ಮಾರ್ಗಗಳ ಯೋಜನೆಯಲ್ಲಿ ಮಾರ್ಗವಾರು ಈವರೆಗಿನ ವೆಚ್ಚ ಎಷ್ಟು, ರೈಲ್ವೆ ಜಮೀನು ಹಸ್ತಾಂತರ ಎಷ್ಟಾಗಿದೆ, ಪೂರ್ಣಗೊಳಿಸಲು ನಿಗದಿಯಾದ ದಿನಾಂಕ ಯಾವುದು. ಒಂದೊಂದಕ್ಕೂ ಅಂಕಿ ಅಥವಾ ದಿನಾಂಕವೇ ಉತ್ತರವಾಗಬೇಕು.

ಒಂದು ಎಚ್ಚರಿಕೆ. ಯೋಜನೆ ಕೈಗೊಂಡಿರುವ ಕೆ-ರೈಡ್, ರಾಜ್ಯ ಸರ್ಕಾರ ಮತ್ತು ರೈಲ್ವೆ ಸಚಿವಾಲಯದ ಜಂಟಿ ಕಂಪನಿ. ಕೇಂದ್ರದ ಹೊಣೆಯಲ್ಲದ ವಿಷಯವನ್ನು ಲೋಕಸಭೆಯಲ್ಲಿ ಕೇಳುವಂತಿಲ್ಲ. ಖಾಸಗಿ ಜಮೀನು ಸ್ವಾಧೀನದಂಥ ರಾಜ್ಯದ ಪಾಲಿನ ಪ್ರಶ್ನೆಯನ್ನು ನಿಮ್ಮ ಶಾಸಕರ ಮೂಲಕ ವಿಧಾನಸಭೆಯಲ್ಲಿ ಕೇಳಿಸಿ. ಎರಡನ್ನೂ ಒಂದೇ ಕರಡಿನಲ್ಲಿ ಬೆರೆಸಿದರೆ ‘ರಾಜ್ಯ ಸರ್ಕಾರಕ್ಕೆ ಸಂಬಂಧಿಸಿದ್ದು’ ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ಉತ್ತರ ಬಂದಾಗ ‘ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು’, ‘ಪರಿಶೀಲನೆಯಲ್ಲಿದೆ’ ಎಂಬ ಮಾತಿದ್ದರೆ ಕೆಂಪು ಗೆರೆ ಎಳೆದಿಡಿ. ಇಂಥ ಮಾತನ್ನು ಸರ್ಕಾರದ ಭರವಸೆ ಎಂದು ದಾಖಲಿಸಿಕೊಳ್ಳಬಹುದು. ದಾಖಲಾದರೆ ಮೂರು ತಿಂಗಳಲ್ಲಿ ಈಡೇರಿಸಬೇಕು, ಆಗದಿದ್ದರೆ ಸಚಿವಾಲಯ ಭರವಸೆಗಳ ಸಮಿತಿಯ ಮುಂದೆ ಕಾಲಾವಕಾಶ ಕೇಳಬೇಕು. ಪತ್ರಿಕೆಗಳು ಈ ಸಮಿತಿಯ ವರದಿ ಬರೆಯುವುದು ಅಪರೂಪ. ಹಳೆಯ ಮಾತನ್ನು ಬೆನ್ನುಹತ್ತುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಶಾಂತಲಾ, ಮಲ್ಲೇಶ್ವರಂ:
ಸಂಸದರು ಕನ್ನಡದಲ್ಲಿ ಮಾತಾಡಿದ್ದರೆ ಪೂರ್ಣಪಾಠದಲ್ಲಿ ಕನ್ನಡ ಲಿಪಿಯಲ್ಲಿ ಸಿಗುತ್ತದೆಯೇ? ಮತ್ತೆ, ಮಧ್ಯಾಹ್ನ ಖಾಲಿ ಬೆಂಚುಗಳ ನಡುವೆ ಮಸೂದೆ ಪಾಸಾಗುವುದು ಕ್ರಮಬದ್ಧವೇ?

ಕಲಾಪ ವೀಕ್ಷಕ:
ಮೇಡಂ, ಸಾಮಾನ್ಯವಾಗಿ ಸಿಗುವುದು ಇಂಗ್ಲಿಷ್ ಅನುವಾದ, ‘ಮೂಲತಃ ಕನ್ನಡದಲ್ಲಿ ಮಾಡಿದ ಭಾಷಣ’ ಎಂಬ ಟಿಪ್ಪಣಿಯೊಂದಿಗೆ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದರು. ಈಗ ತತ್‌ಕ್ಷಣದ ಭಾಷಾಂತರ ವ್ಯವಸ್ಥೆ ಇದೆ. ಮೂಲ ಕನ್ನಡದ ಮಾತೇ ಬೇಕಾದರೆ ವಿಡಿಯೊ ಕೇಳಿ ನಾವೇ ಬರೆದುಕೊಳ್ಳಬೇಕು. ಪೂರ್ಣಪಾಠದಲ್ಲಿ ನಡುನಡುವೆ ಸಮಯ ನಮೂದಾಗಿರುತ್ತದೆ, ಅದನ್ನು ಹಿಡಿದು ಸಂಸದ್ ಟಿವಿಯ ವಿಡಿಯೊದಲ್ಲಿ ಆ ಜಾಗಕ್ಕೆ ಹೋಗಬಹುದು.

ಖಾಲಿ ಬೆಂಚಿನ ಪ್ರಶ್ನೆಗೆ: ಕೋರಂ, ಅಂದರೆ ಸದನ ನಡೆಯಲು ಹಾಜರಿರಬೇಕಾದ ಕನಿಷ್ಠ ಸಂಖ್ಯೆ, ಒಟ್ಟು ಸದಸ್ಯಬಲದ ಹತ್ತನೇ ಒಂದು ಪಾಲು, ಸಂವಿಧಾನದ 100ನೇ ವಿಧಿಯಲ್ಲಿದೆ. 543ಕ್ಕೆ 55 ಮಂದಿ. ಕಡಿಮೆ ಇದ್ದಾರೆಂದು ಯಾರಾದರೂ ಎತ್ತಿ ತೋರಿಸಿದರೆ ಗಂಟೆ ಬಾರಿಸಿ ಸದಸ್ಯರನ್ನು ಕರೆಸುತ್ತಾರೆ. ಯಾರೂ ಎತ್ತದಿದ್ದರೆ ಕಲಾಪ ಸಾಗುತ್ತಿರುತ್ತದೆ.

ಮಸೂದೆಗೆ ಸಾಮಾನ್ಯವಾಗಿ ಧ್ವನಿಮತ, ಅಂದರೆ ‘ಹೌದು’, ‘ಇಲ್ಲ’ ಎಂಬ ಕೂಗು ಕೇಳಿ ಪೀಠ ತೀರ್ಮಾನ ಹೇಳುವುದು. ಅದರಲ್ಲಿ ಯಾರು ಯಾವ ಕಡೆ ಎಂಬುದು ದಾಖಲಾಗುವುದಿಲ್ಲ, ನಮ್ಮ ಸಂಸದರ ನಿಲುವು ತಿಳಿಯದಿರುವುದು ಇದರಿಂದಲೇ. ಸದಸ್ಯರು ಪೀಠದ ತೀರ್ಮಾನವನ್ನು ಪ್ರಶ್ನಿಸಿ ಮತವಿಭಜನೆ (ಒಬ್ಬೊಬ್ಬರ ಮತವನ್ನೂ ಎಣಿಸುವುದು) ಕೇಳಿದರೆ ಮೂರೂವರೆ ನಿಮಿಷ ಗಂಟೆ ಬಾರಿಸಿ, ಮೊಗಸಾಲೆಯ ಬಾಗಿಲು ಹಾಕಿ, ಮತ್ತೊಮ್ಮೆ ಕೇಳುತ್ತಾರೆ. ಆಗಲೂ ಒಪ್ಪದಿದ್ದರೆ ತಮಗೆ ನಿಗದಿಯಾದ ಆಸನದಿಂದಲೇ ಗುಂಡಿ ಒತ್ತಬೇಕು: ಹಸಿರು ಪರ, ಕೆಂಪು ವಿರೋಧ, ಹಳದಿ ತಟಸ್ಥ. ಸದನದ ಬಾವಿಗೆ, ಅಂದರೆ ಪೀಠದ ಮುಂದಿನ ಜಾಗಕ್ಕೆ, ಇಳಿದು ಕೂಗುತ್ತಿರುವವರು ವಿಭಜನೆ ಕೇಳಿದಾಗ ‘ಮೊದಲು ನಿಮ್ಮ ಆಸನಕ್ಕೆ ಹೋಗಿ’ ಎಂಬ ಉತ್ತರ ಬರುವುದು ಅದಕ್ಕೇ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳಿಗೆ ಧ್ವನಿಮತದಲ್ಲೇ ಅಂಗೀಕಾರ ಸಿಕ್ಕಾಗ ಎದ್ದ ವಿವಾದವೂ ಇದೇ.

ಸಂವಿಧಾನ ತಿದ್ದುಪಡಿಗೆ ಮಾತ್ರ ಧ್ವನಿಮತ ಸಾಲದು. ಹಾಜರಿದ್ದು ಮತ ಹಾಕಿದವರ ಮೂರನೇ ಎರಡು ಪಾಲು ಮತ್ತು ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು, ಎರಡೂ ಬೇಕು. ಮಹಿಳಾ ಮೀಸಲಾತಿಗೆ 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ 454 ಪರ, 2 ವಿರೋಧ ಎಂಬ ನಿಖರ ಲೆಕ್ಕ ಸಿಕ್ಕದ್ದು ಹಾಗಾಗಿಯೇ. ಮತವಿಭಜನೆ ಆದ ದಿನದ ಪೂರ್ಣಪಾಠದಲ್ಲಿ ಹೆಸರುವಾರು ಪಟ್ಟಿ ಇರುತ್ತದೆ. ಯಂತ್ರ ತೋರಿಸಿದ ಸಂಖ್ಯೆಗೆ ಚೀಟಿಯಲ್ಲಿ ಬರೆದುಕೊಟ್ಟವರ ಮತ ಸೇರಿ ಬದಲಾಗುವುದುಂಟು, ಟಿವಿಯಲ್ಲಿ ಕಂಡ ಅಂಕಿಯನ್ನು ಹಾಗೇ ಬರೆದುಕೊಳ್ಳದೆ ಪಟ್ಟಿಯ ಕೆಳಗಿನ ಟಿಪ್ಪಣಿ ನೋಡಿ.