‘ಸೊಂಟದಿಂದ ಬಾಗಿ’ ಎಂದರೆ ಎಲ್ಲಿಂದ ಬಾಗಬೇಕು? ಭಾರ ಎತ್ತುವವರ ಕೆಲವು ಪದಗಳ ಬಗ್ಗೆ

ಭಾರ ಎತ್ತುವ ಅಭ್ಯಾಸವನ್ನು ಹವ್ಯಾಸವಾಗಿ ಆರಂಭಿಸುವವರಿಗಾಗಿ ಕನ್ನಡದಲ್ಲಿ ಸೂಚನೆಗಳನ್ನು ಬರೆಯುತ್ತಿದ್ದೇನೆ. ಸಲಕರಣೆಗಳ ಹೆಸರುಗಳಲ್ಲಿ ನನಗೆ ತೊಡಕು ಕಾಣಲಿಲ್ಲ. ಬಾರ್‌ಬೆಲ್, ಡಂಬೆಲ್, ಪ್ಲೇಟ್, ಬೆಂಚ್, ರ‍್ಯಾಕ್ ಎಂಬ ಮಾತುಗಳನ್ನು ಅಭ್ಯಾಸಿಗಳೆಲ್ಲರೂ ಹಾಗೆಯೇ ಬಳಸುತ್ತಾರೆ, ಅವುಗಳಿಗೆ ಹೊಸ ಪದ ಕಟ್ಟುವ ಅಗತ್ಯವೂ ಇಲ್ಲ. ತೊಡಕಿರುವುದು ದೇಹಕ್ಕೆ ಕೊಡುವ ಸೂಚನೆಗಳಲ್ಲಿ. ಅಲ್ಲಿ ಪದವೊಂದು ಎರಡು ಅರ್ಥ ಕೊಟ್ಟರೆ ಓದುವವನ ಬೆನ್ನಿಗೆ ಪೆಟ್ಟಾಗಬಹುದು. ಆದ್ದರಿಂದ ಈ ಪ್ರಶ್ನೆಗಳನ್ನು ಬಲ್ಲವರ ಮುಂದಿಡುತ್ತಿದ್ದೇನೆ.

ಮೊದಲನೆಯದು ಮತ್ತು ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಸೊಂಟ’ ಎಂಬ ಪದ. ನೆಲದ ಮೇಲಿರುವ ಬಾರ್‌ಬೆಲ್ ಅನ್ನು ಹಿಡಿದೆತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್ ಕಲಿಸುವವರು ಸಾಮಾನ್ಯವಾಗಿ ‘ಸೊಂಟದಿಂದ ಬಾಗಿ, ಬೆನ್ನು ಬಗ್ಗಿಸಬೇಡಿ’ ಎಂದು ಹೇಳುತ್ತಾರೆ. ಹೇಳುವವರ ಮನಸ್ಸಿನಲ್ಲಿರುವುದು ತೊಡೆಯ ಮೂಳೆಯ ತಲೆ ಶ್ರೋಣಿಯ (ಬೆನ್ನುಮೂಳೆಯ ಬುಡದಲ್ಲಿರುವ ಬೋಗುಣಿಯಂಥ ಮೂಳೆಯ) ಗುಳಿಯಲ್ಲಿ ಕೂತಿರುವ ಕೀಲು. ಆದರೆ ಕೇಳುವವರಿಗೆ ಸೊಂಟವೆಂದರೆ ಮೂರು ಬೇರೆ ಬೇರೆ ಜಾಗಗಳು ಹೊಳೆಯುತ್ತವೆ. ‘ಸೊಂಟ ನೋವು’ ಎಂದಾಗ ನಾವು ತೋರಿಸುವುದು ಬೆನ್ನಿನ ಕೆಳಭಾಗವನ್ನು, ಅಂದರೆ ಐದು ಕಶೇರುಮಣಿಗಳಿರುವ ಕಟಿಭಾಗವನ್ನು. ‘ಸೊಂಟದ ಅಳತೆ’ ಎಂದಾಗ ಅದು ಪಕ್ಕೆಲುಬಿಗೂ ಶ್ರೋಣಿಯ ಮೂಳೆಗೂ ನಡುವಿನ ಸುತ್ತಳತೆಯಾಗುತ್ತದೆ. ಶಸ್ತ್ರಚಿಕಿತ್ಸೆಯ ಮಾತು ಬಂದು ‘ಸೊಂಟದ ಕೀಲು’ ಎಂದಾಗ ಮಾತ್ರ ತರಬೇತುದಾರ ಹೇಳುವ ಜಾಗ ತಲುಪುತ್ತೇವೆ. ಡೆಡ್‌ಲಿಫ್ಟಿನ ಇಡೀ ಕೌಶಲವೇ ಈ ಮೊದಲ ಜಾಗವನ್ನು ಕದಲಿಸದೆ ಮೂರನೆಯ ಜಾಗವನ್ನು ಮಾತ್ರ ಮಡಚುವುದರಲ್ಲಿದೆ. ಹಾಗಿರುವಾಗ ಎರಡಕ್ಕೂ ಒಂದೇ ಹೆಸರಿಟ್ಟು ಸೂಚನೆ ಕೊಟ್ಟರೆ, ವಿಧೇಯನಾದ ಓದುಗ ಯಾವುದನ್ನು ಮಾಡಬಾರದೋ ಅದನ್ನೇ ಶ್ರದ್ಧೆಯಿಂದ ಮಾಡುತ್ತಾನೆ.

ಇದಕ್ಕೆ ನನ್ನ ಸಲಹೆ ಹೀಗಿದೆ. ಬೆನ್ನಿನ ಕೆಳಭಾಗಕ್ಕೂ ಹೊಟ್ಟೆಯ ಸುತ್ತಳತೆಗೂ ‘ನಡು’ ಎನ್ನೋಣ, ಕೀಲಿಗೆ ‘ತೊಡೆಸಂದು’ ಎನ್ನೋಣ, ‘ಸೊಂಟ’ವನ್ನು ಇಂತಹ ಸೂಚನೆಗಳಿಂದ ಪೂರ್ತಿ ಹೊರಗಿಡೋಣ. ಆಗ ‘ನಡು ನೆಟ್ಟಗಿರಲಿ, ತೊಡೆಸಂದು ಮಡಚಲಿ’ ಎಂಬ ವಾಕ್ಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ತೊಡೆಸಂದು ಎಂದರೆ ಬಳಕೆಯಲ್ಲಿ ತೊಡೆ ಮತ್ತು ಕಿಬ್ಬೊಟ್ಟೆ ಕೂಡುವ ಮಡಿಕೆ. ಕೀಲು ಅದರ ಒಳಗೆ ಆಳದಲ್ಲಿದೆ ನಿಜ, ಆದರೆ ಕಲಿಯುವವನು ಬೆರಳಿಟ್ಟು ಮುಟ್ಟಿ ನೋಡಬಹುದಾದದ್ದು ಆ ಮಡಿಕೆಯೇ. ಅಂಗೈಯ ಅಂಚನ್ನು ಅಲ್ಲಿಟ್ಟು, ಅಂಡನ್ನು ಹಿಂದಕ್ಕೆ ಸರಿಸುತ್ತ ಅಂಗೈ ಸಿಕ್ಕಿಕೊಳ್ಳುವಂತೆ ಮಡಚಿದರೆ ಚಲನೆ ಎಲ್ಲಿಂದ ಹುಟ್ಟಬೇಕೆಂಬುದು ಕೂಡಲೇ ತಿಳಿಯುತ್ತದೆ.

ಇಲ್ಲಿ ನಾಮಪದದಷ್ಟೇ ಕ್ರಿಯಾಪದವೂ ಮುಖ್ಯ. ‘ಬಾಗು’ ಎಂಬ ಮಾತು ವಕ್ರತೆಯನ್ನು ಸೂಚಿಸುತ್ತದೆ. ಬಾಗಿದ್ದು ಉದ್ದಕ್ಕೂ ಬಾಗಿರುತ್ತದೆ. ‘ಮಡಚು’ ಎಂಬುದು ಒಂದು ಗೆರೆಯಲ್ಲಿ ಆಗುವ ಕೆಲಸ, ಗೆರೆಯ ಎರಡೂ ಬದಿ ನೇರವಾಗಿಯೇ ಉಳಿಯುತ್ತದೆ. ಮೊಣಕೈಯನ್ನೂ ಮಂಡಿಯನ್ನೂ ನಾವು ಮಡಚುತ್ತೇವೆ. ತೊಡೆಸಂದಿಗೂ ಇದೇ ಕ್ರಿಯಾಪದ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಬಾಗಿಲು ತನ್ನ ಕೀಲಿನ ಸುತ್ತ ತಿರುಗುವಾಗ ಹಲಗೆ ಹೇಗೆ ಬಳುಕುವುದಿಲ್ಲವೋ ಹಾಗೆಯೇ ಮುಂಡ ತೊಡೆಸಂದಿನ ಸುತ್ತ ತಿರುಗಬೇಕು. ಇದನ್ನು ಪರೀಕ್ಷಿಸಲು ತರಬೇತುದಾರರು ಬೆನ್ನಿನ ಉದ್ದಕ್ಕೂ ಒಂದು ಕೋಲನ್ನು ಹಿಡಿಸುತ್ತಾರೆ. ಅದು ತಲೆಯ ಹಿಂಭಾಗ, ಹೆಗಲೆಲುಬುಗಳ ನಡುವಿನ ಜಾಗ ಮತ್ತು ಬೆನ್ನಿನ ಬುಡದ ಮೂಳೆ ಈ ಮೂರನ್ನೂ ಮುಟ್ಟಿಕೊಂಡೇ ಇರಬೇಕು. ಬಾಗಿದರೆ ಕೋಲು ಒಂದಲ್ಲ ಒಂದು ಕಡೆ ಬಿಟ್ಟುಕೊಳ್ಳುತ್ತದೆ, ಮಡಚಿದರೆ ಹಾಗೆಯೇ ಅಂಟಿಕೊಂಡಿರುತ್ತದೆ.

ಹೆಗಲ ಮೇಲೆ ಬಾರ್ ಹೊತ್ತು ಕೂತೇಳುವ ಸ್ಕ್ವಾಟ್ ಬಗೆಗೂ ಇದೇ ಪದದ ತೊಂದರೆಯಿದೆ. ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್ ಈ ಮೂರರ ಸ್ಪರ್ಧೆಯಾದ ಪವರ್‌ಲಿಫ್ಟಿಂಗ್ ನಿಯಮದಂತೆ, ತೊಡೆಸಂದಿನ ಬಳಿ ತೊಡೆಯ ಮೇಲ್ಮೈ ಮಂಡಿಯ ಮೇಲ್ತುದಿಗಿಂತ ಕೆಳಗೆ ಇಳಿದರೆ ಮಾತ್ರ ಆ ಎತ್ತುವಿಕೆ ಮಾನ್ಯವಾಗುತ್ತದೆ. ಇದನ್ನು ‘ಸೊಂಟ ಮಂಡಿಗಿಂತ ಕೆಳಗಿಳಿಯಬೇಕು’ ಎಂದು ಬರೆದರೆ, ಸುತ್ತಳತೆಯ ಸೊಂಟವನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಅದು ಅಸಾಧ್ಯದ ಮಾತಾಗಿ ಕಾಣುತ್ತದೆ. ‘ತೊಡೆಸಂದು ಮಂಡಿಗಿಂತ ಕೆಳಗೆ’ ಎಂದರೆ ನಿಯಮದ ಮಾತೇ ಕನ್ನಡಕ್ಕೆ ಬಂದಂತಾಗುತ್ತದೆ. ಸ್ಕ್ವಾಟ್‌ಗೆ ‘ಬಸ್ಕಿ’ ಎಂಬ ಒಳ್ಳೆಯ ಪದವಿದೆ. ಆದರೆ ಬಸ್ಕಿ ಎಂದೊಡನೆ ಎಣಿಕೆಗೆ ತಕ್ಕಂತೆ ವೇಗವಾಗಿ ಕೂತೇಳುವ, ಹಿಮ್ಮಡಿ ಏಳಿಸುವ ಕ್ರಮ ನೆನಪಿಗೆ ಬರುವುದರಿಂದ, ಹೆಗಲ ಮೇಲೆ ಬಾರ್ ಹೊತ್ತು ಹಿಮ್ಮಡಿ ನೆಲಕ್ಕೂರಿ ಮಾಡುವ ಸ್ಕ್ವಾಟ್‌ಗೆ ಅದನ್ನು ಬಳಸುವುದಾದರೆ ‘ಬಾರ್ ಬಸ್ಕಿ’ ಎಂದು ಬೇರೆ ಮಾಡಿ ಹೇಳುವುದು ಲೇಸು.

ಭಾರ ಎತ್ತುವಾಗ ಕಟ್ಟಿಕೊಳ್ಳುವ ಬೆಲ್ಟಿನ ವಿಷಯವೂ ಇದಕ್ಕೆ ಸೇರಿದ್ದೇ. ‘ಸೊಂಟಪಟ್ಟಿ’ ಎಂದು ಬರೆದರೆ ಹೊಸಬರು ಅದನ್ನು ಪ್ಯಾಂಟಿನ ಬೆಲ್ಟಿನಂತೆ ಕೆಳಗೆ, ಶ್ರೋಣಿಯ ಮೂಳೆಯ ಮೇಲೆ ಕಟ್ಟುವ ಸಂಭವವಿದೆ. ಅದು ಇರಬೇಕಾದದ್ದು ಪಕ್ಕೆಲುಬಿಗೂ ಆ ಮೂಳೆಗೂ ನಡುವೆ, ಉಸಿರು ತುಂಬಿದ ಹೊಟ್ಟೆ ಅದಕ್ಕೆ ಎದುರೊತ್ತುವಂತೆ. ‘ನಡುಪಟ್ಟಿ’ ಎಂದರೆ ಜಾಗ ಪದದಲ್ಲಿಯೇ ತಿಳಿಯುತ್ತದೆ. ಇದೇ ಜಾಡಿನಲ್ಲಿ ಇನ್ನೊಂದು ಸೂಚನೆಯನ್ನೂ ತಿದ್ದಬಹುದು. ಎತ್ತುವ ಮುನ್ನ ‘ಹೊಟ್ಟೆ ಒಳಗೆಳೆದುಕೊಳ್ಳಿ’ ಎಂದು ಹೇಳುವವರಿದ್ದಾರೆ. ಮಾಡಬೇಕಾದದ್ದು ಉಸಿರನ್ನು ಆಳಕ್ಕೆ ತುಂಬಿ ಹೊಟ್ಟೆ, ಪಕ್ಕೆ ಮತ್ತು ಬೆನ್ನಿನ ಸ್ನಾಯುಗಳನ್ನು ಸುತ್ತಲೂ ಗಟ್ಟಿಮಾಡುವುದು. ‘ನಡು ಬಿಗಿಹಿಡಿಯಿರಿ’ ಎಂದರೆ ಇದು ಸರಿಯಾಗಿ ತಲುಪುತ್ತದೆ. ಹೀಗೆ ಉಸಿರು ಕಟ್ಟಿ ಎತ್ತುವಾಗ ರಕ್ತದೊತ್ತಡ ಆ ಕ್ಷಣಕ್ಕೆ ಬಹಳ ಏರುವುದರಿಂದ, ಅಧಿಕ ರಕ್ತದೊತ್ತಡ ಇರುವವರು ಮೊದಲು ವೈದ್ಯರನ್ನು ಕೇಳಬೇಕೆಂಬ ಮಾತನ್ನು ಸೂಚನೆಯ ಪಕ್ಕದಲ್ಲಿಯೇ ಬರೆಯಬೇಕು.

ಉತ್ತರದ ಕಡೆ ‘ಟೊಂಕ’ ಎಂಬ ಪದ ಬಳಕೆಯಲ್ಲಿದೆ. ಅಲ್ಲಿ ‘ಟೊಂಕ ಬಗ್ಗಿಸು’ ಎಂದಾಗ ಬೆನ್ನಿನ ಕೆಳಭಾಗ ಎಂಬ ಅರ್ಥವೇ ಮೊದಲು ಬರುತ್ತದೆಯೇ, ಕೀಲು ಎಂಬ ಅರ್ಥವೂ ಬರುತ್ತದೆಯೇ? ‘ನಡು’ ಎಂದಾಗ ಮಧ್ಯಬೆನ್ನು ಎಂದು ಯಾರಾದರೂ ತಿಳಿಯುವ ಸಾಧ್ಯತೆ ಇದೆಯೇ? ಈ ಎರಡು ಪ್ರಶ್ನೆಗಳಿಗೆ ಆಯಾ ಕಡೆಯ ಬಳಕೆ ಬಲ್ಲವರ ಉತ್ತರ ನನಗೆ ಅಗತ್ಯವಾಗಿ ಬೇಕಾಗಿದೆ.

ಡೆಡ್‌ಲಿಫ್ಟ್ ಎಂಬ ಹೆಸರನ್ನು ಅನುವಾದಿಸಲು ಹೋಗದಿರುವುದೇ ಒಳ್ಳೆಯದು. ಅದರ ಮೊದಲ ಭಾಗಕ್ಕೆ ಸಾವಿನ ಸಂಬಂಧವಿಲ್ಲ. ಪ್ರತಿ ಸಲವೂ ಭಾರ ನೆಲದ ಮೇಲೆ ಅಲುಗದೆ ಇರುವ ಸ್ಥಿತಿಯಿಂದ ಎತ್ತಬೇಕೆಂಬುದಷ್ಟೇ ಅದರ ಅರ್ಥ. ವಿವರಣೆ ಬೇಕಾದಲ್ಲಿ ‘ನೆಲದಿಂದ ಎತ್ತುವುದು’ ಎಂದರೆ ಸಾಕು. ಆದರೆ ನೆಲದಿಂದ ಎಷ್ಟು ಎತ್ತರದಿಂದ ಎಂಬುದನ್ನು ಬಿಡಬಾರದು. ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 450 ಮಿಲಿಮೀಟರ್ ಆದ್ದರಿಂದ ಬಾರ್‌ನ ನಡುಗೆರೆ ನೆಲದಿಂದ 225 ಮಿಲಿಮೀಟರ್ ಮೇಲಿರುತ್ತದೆ. ಹೊಸಬರು ಹಾಕುವ 5 ಅಥವಾ 10 ಕಿಲೋಗ್ರಾಂನ ಕಬ್ಬಿಣದ ಪ್ಲೇಟುಗಳು ಸಾಮಾನ್ಯವಾಗಿ ಇದಕ್ಕಿಂತ ಚಿಕ್ಕವು, ಹಾಗಾಗಿ ಬಾರ್ ಕೆಳಗಿಳಿದು, ಎಟುಕಿಸಿಕೊಳ್ಳಲು ನಡುವೂ ಬಾಗುತ್ತದೆ. ಹಗುರ ಭಾರದಲ್ಲಿ ಕಲಿಯುವವನೇ ಹೆಚ್ಚು ಕಷ್ಟದ ಭಂಗಿಯಲ್ಲಿ ಕಲಿಯಬೇಕಾಗುವುದು ನ್ಯಾಯವಲ್ಲ. ಪ್ಲೇಟುಗಳ ಕೆಳಗೆ ಹಲಗೆಯನ್ನಿಟ್ಟು ಬಾರ್ ಅನ್ನು ಆ ಎತ್ತರಕ್ಕೆ ತರಬೇಕೆಂದು ಸೂಚನೆಯಲ್ಲಿ ಬರೆದಿದ್ದೇನೆ.

ಎರಡನೆಯ ಪ್ರಶ್ನೆ ಎಸೆಂಟ್ರಿಕ್ (ಸ್ನಾಯು ಬಲ ಹಾಕುತ್ತಲೇ ಹಿಗ್ಗಿ ಉದ್ದವಾಗುವುದು), ಕಾನ್ಸೆಂಟ್ರಿಕ್ (ಬಲ ಹಾಕುತ್ತ ಕುಗ್ಗಿ ಗಿಡ್ಡವಾಗುವುದು) ಎಂಬ ಜೋಡಿಯದು. ಪದದ ರೂಪ ನೋಡಿ ‘ಕೇಂದ್ರವಿಮುಖ’, ‘ಕೇಂದ್ರಾಭಿಮುಖ’ ಎಂದರೆ ಭೌತಶಾಸ್ತ್ರದ ಬೇರೆಯೇ ಬಲಗಳ ಹೆಸರಾಗುತ್ತದೆ. ‘ಇಳಿಸುವ ಹಂತ’, ‘ಎತ್ತುವ ಹಂತ’ ಎಂಬುದು ಸರಳ, ಬೆಂಚಿನ ಮೇಲೆ ಮಲಗಿ ಬಾರ್ ಅನ್ನು ಎದೆಯಿಂದ ಮೇಲೆತ್ತುವ ಬೆಂಚ್ ಪ್ರೆಸ್‌ಗೆ ಸರಿಯೂ ಹೌದು. ಆದರೆ ಮೇಲಿನಿಂದ ಬಾರ್ ಅನ್ನು ಎದೆಗೆ ಎಳೆಯುವ ಕೇಬಲ್ ಯಂತ್ರದಲ್ಲಿ ಕೈ ಕೆಳಗೆ ಬರುವಾಗ ಸ್ನಾಯು ಕುಗ್ಗುತ್ತದೆ, ಕೈ ಮೇಲೆ ಹೋಗುವಾಗ ಹಿಗ್ಗುತ್ತದೆ. ಅಲ್ಲಿ ಈ ಹೆಸರುಗಳು ತಲೆಕೆಳಗಾಗುತ್ತವೆ. ‘ಮರಳಿಸುವ ಹಂತ’ ಎಂದರೆ ಯಂತ್ರಕ್ಕೆ ಹೊಂದುತ್ತದೆ, ಸ್ಕ್ವಾಟ್‌ಗೆ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಸ್ನಾಯು ಹಿಗ್ಗುವ ಹಂತವೇ ಮೊದಲು ಬರುತ್ತದೆ. ಪಠ್ಯಗಳ ಹಾದಿಯಲ್ಲಿ ‘ಸಂಕೋಚನ’ ಎಂಬ ಪದವನ್ನು ಇಟ್ಟುಕೊಂಡರೆ ‘ಹಿಗ್ಗುವ ಸಂಕೋಚನ’ ಎಂಬ ಪರಸ್ಪರ ವಿರುದ್ಧವಾದ ಮಾತು ಉಳಿಯುತ್ತದೆ.

ಭಾರಕ್ಕೂ ಸ್ನಾಯುವಿಗೂ ಇರುವ ಸಂಬಂಧವನ್ನು ನೋಡಿದರೆ ದಾರಿ ಕಾಣುತ್ತದೆ ಎಂದು ನನಗೆ ತೋರುತ್ತದೆ. ಸ್ನಾಯು ಭಾರವನ್ನು ಮೀರುತ್ತದೆ, ಇಲ್ಲವೇ ಭಾರಕ್ಕೆ ಮಣಿಯುತ್ತದೆ, ಇಲ್ಲವೇ ಅದಕ್ಕೆ ಸಮನಾಗಿ ನಿಲ್ಲುತ್ತದೆ. ‘ಮೀರುವ ಹಂತ’, ‘ಮಣಿಯುವ ಹಂತ’, ‘ನಿಲ್ಲುವ ಹಂತ’ ಎಂಬ ಮೂರು ಹೆಸರುಗಳು ಯಾವ ವ್ಯಾಯಾಮಕ್ಕೂ, ಯಾವ ದಿಕ್ಕಿಗೂ ಹೊಂದುತ್ತವೆ. ನನ್ನ ಸಂಕೋಚ ಒಂದೇ. ಮಣಿಯುವುದು ಎಂದರೆ ಸುಮ್ಮನೆ ಒಪ್ಪಿಸಿಬಿಡುವುದು ಎಂಬ ಛಾಯೆ ಬರಬಹುದು. ಮಣಿಯುವ ಹಂತದಲ್ಲಿ ಸ್ನಾಯು ಮೀರುವ ಹಂತಕ್ಕಿಂತ ಹೆಚ್ಚಿನ ಬಲವನ್ನು ತಾಳಬಲ್ಲದು, ಅಭ್ಯಾಸದ ಮರುದಿನ ಮತ್ತು ಅದರ ಮರುದಿನ ಕಾಣಿಸಿಕೊಳ್ಳುವ ಮೈನೋವಿಗೆ ಹೆಚ್ಚಾಗಿ ಕಾರಣವಾಗುವುದೂ ಈ ಹಂತದ ಕೆಲಸವೇ. ಭಾರವನ್ನು ದೊಪ್ಪನೆ ಬಿಟ್ಟುಬಿಡುವವನು ಅಭ್ಯಾಸದ ಅರ್ಧ ಫಲವನ್ನು ನೆಲಕ್ಕೆ ಚೆಲ್ಲುತ್ತಾನೆ. ಆದ್ದರಿಂದ ಸೂಚನೆಯಲ್ಲಿ ‘ತಡೆಯುತ್ತ ಮಣಿಯಿರಿ’ ಎಂದು ಬರೆಯುವುದು ಸೂಕ್ತವೇ? ಇದಕ್ಕಿಂತ ಒಳ್ಳೆಯ ಕ್ರಿಯಾಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.

ಬೆಂಚ್ ಪ್ರೆಸ್‌ನಲ್ಲಿ ‘ಮೇಲಕ್ಕೆ ಒತ್ತಿ’ ಎನ್ನುವುದು ನನ್ನ ಕಿವಿಗೆ ಹಿತವಾಗುವುದಿಲ್ಲ. ಒತ್ತುವುದು ಕನ್ನಡದಲ್ಲಿ ಒಂದು ಮೇಲ್ಮೈಯ ಮೇಲೆ ಬಲ ಹಾಕುವುದು, ಒತ್ತಿದ್ದು ಜಾಗ ಬಿಟ್ಟು ಸರಿಯಲೇಬೇಕೆಂದಿಲ್ಲ. ‘ಮೇಲಕ್ಕೆ ದೂಡಿ’ ಎಂದರೆ ಚಲನೆಯೂ ಸೇರಿಕೊಳ್ಳುತ್ತದೆ.

ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರನ್ನು ಸಾಮಾನ್ಯ ಬರವಣಿಗೆಯಲ್ಲಿ ಒಂದರ ಬದಲು ಇನ್ನೊಂದಾಗಿ ಬಳಸುವುದು ತಪ್ಪೇನಲ್ಲ. ಆದರೆ ಶಾಲೆಯ ವಿಜ್ಞಾನದಲ್ಲಿ ಇವು ಬೇರೆ ಬೇರೆ ರಾಶಿಗಳು: ಶಕ್ತಿಯನ್ನು ಜೂಲ್‌ನಲ್ಲೂ, ಸಾಮರ್ಥ್ಯವನ್ನು ವ್ಯಾಟ್‌ನಲ್ಲೂ ಅಳೆಯುತ್ತೇವೆ. 100 ಕಿಲೋಗ್ರಾಂ ಭಾರವನ್ನು ಅರ್ಧ ಮೀಟರ್ ಎತ್ತಿದಾಗ ಆಗುವ ಕೆಲಸ ಸುಮಾರು 490 ಜೂಲ್. ಅದನ್ನು ಒಂದು ಸೆಕೆಂಡಿನಲ್ಲಿ ಎತ್ತಿದವನ ಸರಾಸರಿ ಸಾಮರ್ಥ್ಯ 490 ವ್ಯಾಟ್, ಎರಡು ಸೆಕೆಂಡಿನಲ್ಲಿ ಎತ್ತಿದವನದು 245 ವ್ಯಾಟ್. ನಿಧಾನವಾಗಿಯಾದರೂ ಅತಿ ಹೆಚ್ಚು ಭಾರ ಎತ್ತುವುದು ಪವರ್‌ಲಿಫ್ಟಿಂಗ್. ಸ್ನ್ಯಾಚ್ (ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆ ಎತ್ತುವುದು) ಮತ್ತು ಕ್ಲೀನ್ ಆ್ಯಂಡ್ ಜರ್ಕ್ (ಮೊದಲು ಹೆಗಲಿಗೆ, ಆಮೇಲೆ ತಲೆಯ ಮೇಲಕ್ಕೆ ಎತ್ತುವುದು) ಇರುವ ವೇಟ್‌ಲಿಫ್ಟಿಂಗ್‌ನಲ್ಲಿ ವೇಗವಿಲ್ಲದೆ ಭಾರ ಮೇಲೇರುವುದೇ ಇಲ್ಲ. ಪಠ್ಯದ ಅರ್ಥದ ಸಾಮರ್ಥ್ಯ ಹೆಚ್ಚು ಬೇಕಾಗುವುದು ಎರಡನೆಯದಕ್ಕೆ. ಆದಕಾರಣ ಅಭ್ಯಾಸದ ಬರವಣಿಗೆಯಲ್ಲಿ ಎಷ್ಟು ಭಾರ ಎಂಬುದಕ್ಕೆ ‘ಬಲ’ವನ್ನೂ, ಎಷ್ಟು ಬೇಗ ಎಂಬುದು ಸೇರಿದಾಗ ‘ಸಾಮರ್ಥ್ಯ’ವನ್ನೂ ಬಳಸಿ, ‘ಶಕ್ತಿ’ಯನ್ನು ಆಹಾರದ ಕ್ಯಾಲೊರಿಯ ಮಾತಿಗೆ ಮೀಸಲಿಡಬೇಕೆಂದು ನನ್ನ ವಿನಂತಿ.

ಪ್ರೋಗ್ರೆಸಿವ್ ಓವರ್‌ಲೋಡ್ ಎಂಬುದನ್ನು ‘ಅತಿಭಾರ’ ಎನ್ನುವುದನ್ನು ಮಾತ್ರ ಯಾರೂ ಮಾಡಬಾರದು. ಕನ್ನಡದಲ್ಲಿ ‘ಅತಿ’ ಎಂದರೆ ಮಿತಿ ದಾಟಿದ್ದು. ಇಲ್ಲಿ ಹೇಳಬೇಕಾದದ್ದು ದೇಹ ಒಗ್ಗಿಕೊಂಡದ್ದಕ್ಕಿಂತ ಸ್ವಲ್ಪ ಹೆಚ್ಚು, ಮತ್ತೆ ಒಗ್ಗಿದ ಮೇಲೆ ಇನ್ನೂ ಸ್ವಲ್ಪ ಹೆಚ್ಚು ಎಂದು. 1940ರ ದಶಕದಲ್ಲಿ ಥಾಮಸ್ ಡಿಲೋರ್ಮ್ ಎಂಬ ವೈದ್ಯರು ಗಾಯಾಳು ಸೈನಿಕರ ಚೇತರಿಕೆಗೆ ಈ ಕ್ರಮವನ್ನು ವ್ಯವಸ್ಥಿತವಾಗಿ ಬಳಸಿದರು. ಮುಂದೆ ಅವರ ವಿಧಾನದಲ್ಲಿ, ಹತ್ತೇ ಸಲ ಎತ್ತಬಲ್ಲ ಭಾರವನ್ನು ಕಂಡುಕೊಂಡು, ಅದರ ಅರ್ಧದಿಂದ ಹತ್ತು ಸಲ, ಮುಕ್ಕಾಲರಿಂದ ಹತ್ತು ಸಲ, ಕೊನೆಗೆ ಪೂರ್ಣ ಭಾರದಿಂದ ಹತ್ತು ಸಲ ಎತ್ತುವ ಪದ್ಧತಿ ಬಂತು. ‘ಏರುಹೊರೆ’ ಎಂಬ ಪದ ಇದಕ್ಕೆ ಒಪ್ಪಬಹುದೇನೋ. ಹೊರೆ ನಮ್ಮದೇ ಪದ, ಏರುವುದು ಮೆಲ್ಲನೆ ಆಗುವ ಕೆಲಸ.

ಕೊನೆಯದಾಗಿ, ಇನ್ನೊಂದು ಸಲ ಎತ್ತಲಾಗದ ಸ್ಥಿತಿಗೆ ‘ವೈಫಲ್ಯ’ ಎಂಬ ಪದ ಕೆಲವೆಡೆ ಕಾಣುತ್ತದೆ. ಪರೀಕ್ಷೆಯಲ್ಲಿ ನಪಾಸಾದಂತೆ ಕೇಳುವ ಆ ಪದಕ್ಕಿಂತ ‘ಕೈ ಸೋಲುವವರೆಗೆ’, ‘ಕಾಲು ಸೋಲುವವರೆಗೆ’ ಎಂಬ ನಮ್ಮ ಮಾತು ಎಷ್ಟೋ ಮೇಲು. ದಣಿವಿಗೂ ಸೋಲಿಗೂ ಕನ್ನಡ ಒಂದೇ ಕ್ರಿಯಾಪದವನ್ನು ಇಟ್ಟಿದೆ. ಆದರೆ ಕೈ ಸೋತ ಮೇಲೂ ಒಂದೆರಡು ಸಲ ಎತ್ತುವುದು ಸಾಧ್ಯವಿರುವುದರಿಂದ ಈ ಮಾತಿನ ಗಡಿ ಎಲ್ಲಿದೆ ಎಂಬುದು ಸ್ಪಷ್ಟವಾಗಬೇಕು. ಇದು ಲೆಕ್ಕಕ್ಕೂ ಮುಟ್ಟುವ ವಿಷಯ. 60 ಕಿಲೋಗ್ರಾಂ ಭಾರವನ್ನು ಐದೇ ಸಲ ಎತ್ತಲು ಸಾಧ್ಯವಾದರೆ, ಭಾರವನ್ನು ಸಲಗಳ ಸಂಖ್ಯೆಯಿಂದ ಗುಣಿಸಿ 30ರಿಂದ ಭಾಗಿಸಿ ಮೂಲ ಭಾರಕ್ಕೆ ಕೂಡಿಸುವ ಎಪ್ಲಿ ಸೂತ್ರದಂತೆ, ಒಂದು ಸಲಕ್ಕೆ ಎತ್ತಬಹುದಾದ ಗರಿಷ್ಠ ಭಾರ 70 ಕಿಲೋಗ್ರಾಂ ಎಂದು ಅಂದಾಜಾಗುತ್ತದೆ. ಐದನೆಯ ಸಲ ಕೈ ದಣಿದದ್ದಷ್ಟೇ ಆಗಿ ಇನ್ನೆರಡು ಸಲ ಎತ್ತುವ ಬಲ ಉಳಿದಿದ್ದರೆ ಅಂದಾಜು 74ಕ್ಕೆ ಏರುತ್ತದೆ. ಸದ್ಯಕ್ಕೆ ನಾನು ‘ಇನ್ನೊಂದು ಸಲ ಏಳದಷ್ಟು ಕೈ ಸೋಲುವವರೆಗೆ’ ಎಂದು ಬಿಡಿಸಿ ಬರೆಯುತ್ತಿದ್ದೇನೆ. ಹೊಸಬರಿಗೆ ಅಲ್ಲಿಯವರೆಗೆ ಹೋಗದಂತೆ, ‘ಎರಡು ಸಲದ ಬಲ ಉಳಿಸಿಕೊಂಡು ನಿಲ್ಲಿಸಿ’ ಎಂದು ಹೇಳುತ್ತಿದ್ದೇನೆ. ಇನ್ನೊಂದು ಸಲ ಏಳದ ಆ ಸ್ಥಿತಿಯನ್ನು ಒಂದೇ ಪದಕ್ಕೆ ಇಳಿಸಬಲ್ಲವರು ಇದ್ದರೆ ಅದನ್ನು ಒಂದು ವಾಕ್ಯದಲ್ಲಿ ಬಳಸಿ ತೋರಿಸಬೇಕೆಂದು ಕೋರುತ್ತೇನೆ.