ಗಿಟಾರ್ ನಟ್‌ನ ಸ್ಲಾಟ್ ಸವೆದಿದೆ, ಮನೆಯಲ್ಲೇ ಸರಿಮಾಡಿಕೊಂಡವರು ಹೇಳಿ

ಪ್ರಶ್ನೆ, ತುಮಕೂರಿನಿಂದ

ನನ್ನದು ಸಾಧಾರಣ ಅಕೌಸ್ಟಿಕ್ ಗಿಟಾರ್, ಕೊಂಡು ಸುಮಾರು ವರ್ಷ ಆಯ್ತು. ಈಚೆಗೆ ಮೂರನೇ ತಂತಿ, ಅಂದ್ರೆ ಜಿ, ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತದೆ ಹಾಗೇ ಮೀಟಿದ್ರೆ ಜಿರ್ರ್ ಅನ್ನುತ್ತೆ. ಯಾವ ಫ್ರೆಟ್ ಒತ್ತಿದ್ರೂ ನಾದ ಚೊಕ್ಕ. ನಟ್, ಅಂದ್ರೆ ಗಿಟಾರಿನ ತಲೆ ಹತ್ತಿರ ತಂತಿಗಳು ಕೂರೋ ಕಚ್ಚುಗಳಿರೋ (ಸ್ಲಾಟ್) ಪಟ್ಟಿ, ಬಿಳಿ ಪ್ಲಾಸ್ಟಿಕ್ಕಿನದು. ತಂತಿ 12-53 ಸೆಟ್, ಅಂದ್ರೆ ತೆಳು ತಂತಿಯಿಂದ ದಪ್ಪ ತಂತಿವರೆಗಿನ ದಪ್ಪ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ. ಫೆವಿಕ್ವಿಕ್ ಮತ್ತೆ ಅಡಿಗೆ ಸೋಡಾ ಹಾಕಿ ಸ್ಲಾಟ್ ತುಂಬಿಸಬಹುದು ಅಂತ ಕೇಳಿದೀನಿ. ಅದು ನಿಲ್ಲುತ್ತಾ? ನಟ್ ಉಜ್ಜೋ ಫೈಲ್ ಸೆಟ್‌ನ ಬೆಲೆ ನೋಡಿದ್ರೆ ನನ್ನ ಗಿಟಾರ್ ಬೆಲೆಯ ಹತ್ತಿರ ಇದೆ. ಇಲ್ಲಿ ರಿಪೇರಿ ಮಾಡೋರು ಯಾರೂ ಇಲ್ಲ, ಇದೊಂದಕ್ಕೆ ಬೆಂಗಳೂರಿಗೆ ಹೊತ್ಕೊಂಡು ಹೋಗಬೇಕಾ? ಮಾಡಿ ಅನುಭವ ಇರೋರು ದಯವಿಟ್ಟು ತಿಳಿಸಿ.

ಮೈಸೂರಿನಿಂದ

ಮೊದಲು ರೋಗ ನಟ್‌ದೇನಾ ಅಂತ ನೋಡ್ಕೊಳ್ಳಿ ಸಾರ್. ಒಂದನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯೋ ಕ್ಲಿಪ್) ಹಾಕಿ ಮೀಟಿ. ಸದ್ದು ಹೋದ್ರೆ ನಟ್ ಮೇಲೆ ಅನುಮಾನ ಪಡಬಹುದು. ಹೋಗಲಿಲ್ಲ ಅಂದ್ರೆ ನೆಕ್ ಹಿಂದಕ್ಕೆ ಬಾಗಿದೆಯೋ, ಯಾವುದಾದ್ರೂ ಫ್ರೆಟ್ ಎದ್ದಿದೆಯೋ ಅನ್ನೋದು ಬೇರೆ ಕಥೆ.

ಟ್ಯೂನರ್ ಕೀಗಳನ್ನೂ ಮುಟ್ಟಿ ನೋಡಿ. ಹೆಡ್‌ಸ್ಟಾಕ್ ಅಂದ್ರೆ ಗಿಟಾರಿನ ತಲೆ ಭಾಗದ ಮೇಲೆ ಪೋಸ್ಟ್ ಸುತ್ತ ಇರೋ ವಾಷರ್ ಸಡಿಲ ಆಗಿದ್ರೆ ಒಂದೇ ಒಂದು ಸ್ವರಕ್ಕೆ ಅದುರುತ್ತೆ, ನಾವು ನಟ್‌ನ ಬೈಕೊಂಡು ಕೂತಿರ್ತೀವಿ. ಇದನ್ನ ಬೇರೆ ಮಾಡೋದು ಸುಲಭ: ನಾಲ್ಕನೇ ತಂತಿಯ ಐದನೇ ಫ್ರೆಟ್ ಒತ್ತಿ ಮೀಟಿ. ಅದೂ ಅದೇ ಜಿ ಸ್ವರ. ಆಗಲೂ ಜಿರ್ ಅಂದ್ರೆ ಎಲ್ಲೋ ಏನೋ ಸಡಿಲ ಇದೆ, ನಟ್‌ದಲ್ಲ. ಸ್ಪ್ಯಾನರ್ ತಗೊಂಡು ಬಿಗಿ ಮಾಡಿದ್ರೆ ಮುಗೀತು.

ನಟ್‌ದೇ ಅಂತ ಅನ್ನಿಸಿದ್ರೆ ಇನ್ನೊಂದು ಪರೀಕ್ಷೆ. ಆ ತಂತಿಯನ್ನ ಎರಡು ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿ ಹಿಡ್ಕೊಂಡು, ಒಂದನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್ಟಿಗೂ ಎಷ್ಟು ಸಂದಿ ಇದೆ ಅಂತ ಬೆಳಕಿಗೆ ಹಿಡಿದು ನೋಡಿ. ಕೂದಲೆಳೆ ಸಂದಿ ಇರಬೇಕು. ಬೆರಳಲ್ಲಿ ತಟ್ಟಿದ್ರೆ ಸಣ್ಣಗೆ ಟಿಕ್ ಅನ್ನಬೇಕು. ಜೆರಾಕ್ಸ್ ಹಾಳೆಯ ದಪ್ಪ ಸುಮಾರು 0.1 ಮಿ.ಮೀ., ಅದರ ಚೂರು ತೂರಿಸಿ ನೋಡಬಹುದು. ತಂತಿ ಫ್ರೆಟ್ ಮೇಲೇ ಮಲಗಿದ್ರೆ ಸ್ಲಾಟ್ ಆಳ ಆಗಿದೆ ಅಂತ ಅರ್ಥ.

ಮಂಗಳೂರಿನಿಂದ

ಇಲ್ಲಿ ಚರ್ಚಿನ ಗಾಯನ ತಂಡದವರ ಗಿಟಾರುಗಳು ನನ್ನ ಹತ್ತಿರ ಬರ್ತಾ ಇರ್ತವೆ. ಸೆಕೆ, ಬೆವರು, ಕಡಲಿನ ಗಾಳಿ ಎಲ್ಲ ಸೇರಿ ತಂತಿ ಬೇಗ ಒರಟಾಗ್ತದೆ. ಒರಟಾದ ಸುತ್ತು ತಂತಿಯನ್ನು (ಮೇಲೆ ಲೋಹದ ಎಳೆ ಸುತ್ತಿದ್ದು) ವಾರ ವಾರ ಶ್ರುತಿ ಮಾಡಿದ್ರೆ ಅದೇ ಒಂದು ಅರ ಮಾರಾಯ್ರೆ, ಪ್ಲಾಸ್ಟಿಕ್ ಎಷ್ಟು ದಿನ ತಡೀತದೆ? ನಿಮ್ಮ ಸೆಟ್ಟಿನಲ್ಲಿ ಜಿ ಕೂಡ ಸುತ್ತು ತಂತಿಯೇ.

ಸೋಡಾ ಮತ್ತು ಫೆವಿಕ್ವಿಕ್ ಕೆಲಸ ಮಾಡ್ತದೆ, ನಾನೇ ಮಾಡಿ ಕೊಟ್ಟದ್ದುಂಟು. ಬೇಕಿಂಗ್ ಪೌಡರ್ ಅಲ್ಲ, ಸೋಡಾ. ಎರಡೂ ಸೇರಿದ ಕ್ಷಣ ಕಲ್ಲಿನ ಹಾಗೆ ಗಟ್ಟಿ. ಬಿಸಿಯೂ ಆಗ್ತದೆ, ಸಣ್ಣಗೆ ಹೊಗೆಯೂ ಬರ್ತದೆ, ಮೂಗು ಹತ್ತಿರ ಇಟ್ಟು ಕೂತ್ಕೊಳ್ಳಬೇಡಿ. ಹಾಗೆಯೇ ಚೆಲ್ಲಿದ ಅಂಟನ್ನು ಹತ್ತಿಯಿಂದಲೋ ಹಳೇ ಬನಿಯನ್ನಿಂದಲೋ ಒರೆಸ್ಲಿಕ್ಕೆ ಹೋಗಬೇಡಿ. ಹತ್ತಿಗೆ ಈ ಅಂಟು ತಾಗಿದ್ರೆ ಕೈ ಸುಡುವಷ್ಟು ಬಿಸಿಯಾಗ್ತದೆ.

ಬಾಳಿಕೆ ಕೇಳಿದ್ರೆ, ತೆಳು ತಂತಿಗೆ ಸಾಕು. ದಪ್ಪ ಸುತ್ತು ತಂತಿಯ ಕೆಳಗೆ ಅಂಚು ಉದುರುವುದನ್ನು ನೋಡಿದ್ದೇನೆ. ಮುಂದಿನ ಆದಿತ್ಯವಾರದ ಪೂಜೆಗೆ ಗಿಟಾರು ಬೇಕು ಅಂತ ಬಂದವರಿಗೆ ಮಾತ್ರ ಸೋಡಾ.

ಬೆಂಗಳೂರಿನಿಂದ, ರಿಪೇರಿ ಕೆಲಸದವರು

ಸೋಡಾಗಿಂತ ಮೂಳೆ ಪುಡಿ ವಾಸಿ. ಮೂಳೆಯ ನಟ್ ಅಥವಾ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರೋ ಪಟ್ಟಿ) ತುಂಡೊಂದನ್ನ ಫೈಲ್‌ನಲ್ಲಿ ಉಜ್ಜಿದ್ರೆ ಒಂದು ಚಿಟಿಕೆ ಪುಡಿ ಸಿಗುತ್ತೆ, ಅಷ್ಟು ಸಾಕು. ಸೋಡಾ ಅಂಟು ಮುಟ್ಟಿದ ತಕ್ಷಣ ಹಿಡ್ಕೊಂಡುಬಿಡುತ್ತೆ, ತಳದವರೆಗೆ ಅಂಟು ಇಳಿದಿದೆಯೋ ಇಲ್ವೋ ಗೊತ್ತಾಗಲ್ಲ. ಮೂಳೆ ಪುಡಿ ನಿಧಾನ. ಅಂಟು ಹೀರ್ಕೊಂಡು ಬಣ್ಣ ಗಾಢ ಆಗೋದು ಕಣ್ಣಿಗೆ ಕಾಣುತ್ತೆ, ತಳ ಮುಟ್ಟಿತು ಅಂತ ಧೈರ್ಯ ಬರುತ್ತೆ.

ಜಿ ತಂತಿ ಸಡಿಲ ಮಾಡಿ, ಪೂರ್ತಿ ಬಿಚ್ಚಬೇಡಿ, ಪಕ್ಕಕ್ಕೆ ಸರಿಸಿಡಿ. ಸ್ಲಾಟ್‌ನ ಕೊಳೆ ತೆಗೀರಿ. ಶ್ರುತಿ ಮಾಡುವಾಗ ತಂತಿ ಟಿಣ್ ಅಂತ ಹಾರುತ್ತೆ ಅಂತ ಎಂದಾದ್ರೂ ಪೆನ್ಸಿಲ್ ಪುಡಿ ಸವರಿದ್ರೆ ಅದನ್ನ ಒಂದಿಷ್ಟೂ ಬಿಡದ ಹಾಗೆ ತೆಗೀಬೇಕು, ಅದರ ಮೇಲೆ ಅಂಟು ಹಿಡಿಯಲ್ಲ. ಸ್ಯಾಂಡ್‌ಪೇಪರ್ ಮಡಿಚಿ ಒಳಗಡೆ ಎರಡು ಸಲ ಆಡಿಸಿ ಒರಟು ಮಾಡಿ. ಆಮೇಲೆ ನಟ್‌ನ ಎರಡೂ ಕಡೆ, ಫಿಂಗರ್‌ಬೋರ್ಡ್ ಮೇಲೂ ಹೆಡ್‌ಸ್ಟಾಕ್ ಮೇಲೂ, ಮಾಸ್ಕಿಂಗ್ ಟೇಪ್ ಅಂಟಿಸಿ. ಇದಕ್ಕೆ ಸೋಮಾರಿತನ ಬೇಡ. ಪಾಲಿಶ್ ಮೇಲೆ ಬಿದ್ದ ಒಂದು ಹನಿ ಫೆವಿಕ್ವಿಕ್ ಜನ್ಮಕ್ಕೂ ಹೋಗಲ್ಲ. ಅಸಿಟೋನ್ ಹಾಕಿ ತೆಗೀತೀನಿ ಅಂತ ಹೋದ್ರೆ ಪಾಲಿಶ್ಶೂ ಹೋಗುತ್ತೆ, ನಿಮ್ಮ ಪ್ಲಾಸ್ಟಿಕ್ ನಟ್ಟೂ ಕರಗುತ್ತೆ.

ಪುಡಿ ಹಾಕಿ, ಟೂತ್‌ಪಿಕ್‌ನಲ್ಲಿ ಒತ್ತಿ ಕೂರಿಸಿ. ಟ್ಯೂಬ್‌ನಿಂದ ನೇರ ಹಿಂಡಬೇಡಿ. ಇನ್ನೊಂದು ಟೂತ್‌ಪಿಕ್ ತುದಿಗೆ ಅಂಟು ತಗೊಂಡು ಪುಡಿಗೆ ಮುಟ್ಟಿಸಿ, ತಾನಾಗೇ ಇಳಿಯುತ್ತೆ. ಒಂದೇ ಸಲ ತುಂಬಿಸೋ ಬದಲು ಪದರ ಪದರವಾಗಿ ಹೋಗಿ. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಕೈ ಹಾಕಿ.

ತುಂಬಿಸೋದರಲ್ಲಿ ಯಾರೂ ಸೋಲಲ್ಲ, ಕಚ್ಚು ಹೊಡೆಯೋದರಲ್ಲೇ ಸೋಲೋದು. ಸ್ಲಾಟ್ ತಳ ಮಟ್ಟಸ ಇರಬಾರದು. ಫಿಂಗರ್‌ಬೋರ್ಡ್ ಕಡೆಯ ಅಂಚೇ ಅತಿ ಎತ್ತರ, ಅಲ್ಲಿಂದ ಟ್ಯೂನರ್ ಕಡೆಗೆ ಇಳಿಜಾರು. ಹೆಡ್‌ಸ್ಟಾಕ್ ಎಷ್ಟು ಬಾಗಿದೆಯೋ ಹೆಚ್ಚುಕಡಿಮೆ ಅದರ ಅರ್ಧದಷ್ಟು ಇಳಿಜಾರು ಸಾಕು. ಅಗಲ ತಂತಿಗಿಂತ ಒಂದು ಎಳೆ ಜಾಸ್ತಿ, ತಳ ದುಂಡಗೆ. ನಾಲ್ಕು ಸಲ ಉಜ್ಜಿ, ತಂತಿ ಕೂರಿಸಿ, ಪೂರ್ತಿ ಶ್ರುತಿಗೆ ಎಳೆದು, ಮೈಸೂರಿನವರು ಹೇಳಿದ ಮೂರನೇ ಫ್ರೆಟ್ ಪರೀಕ್ಷೆ ಮಾಡಿ. ಮತ್ತೆ ಸಡಿಲ, ಮತ್ತೆ ಉಜ್ಜು. ಬೇಜಾರಿನ ಕೆಲಸ, ಆದ್ರೆ ಅವಸರ ಮಾಡಿದ್ರೆ ಮತ್ತೆ ಪುಡಿ, ಮತ್ತೆ ಅಂಟು.

ಧಾರವಾಡದಿಂದ

ನಾವು ಸಿತಾರ ಬಾರಿಸೋ ಮಂದಿ. ಆ ಇಳಿಜಾರಿನ ಮಾತು ಭಾಳ ಬರೋಬ್ಬರಿ ಹೇಳ್ಯಾರ್ರಿ. ನಿಮಗ ಬ್ಯಾಡಾದ ಈ ಜಿರ್ ಸದ್ದನ್ನ ನಾವು ಬೇಕಂತನ ಮಾಡ್ಸತೇವಿ. ಸಿತಾರದ ಘೋಡಿ, ಅಂದ್ರ ಬ್ರಿಜ್, ಅಗಲ ಇರ್ತದ, ಅದರ ಮ್ಯಾಲಿನ ಮೈ ಸಣ್ಣಂಗ ಬಾಗಿರ್ತದ. ತಂತಿ ಅದನ್ನ ಸವರಿಕೋತ ಹೋಗ್ತದಲ್ಲ, ಅದಕ್ಕ ಜವಾರಿ ಅನ್ನೋ ಆ ಝೇಂಕಾರ ಹುಟ್ಟತದ. ತಂಬೂರಿಗೆ ತಂತಿ ಕೆಳಗ ದಾರ ಇಟ್ಟು ಜೀವಾ ಹಿಡಸೋದೂ ಇದಕ್ಕ.

ಈಗ ನಿಮ್ಮ ನಟ್ ನೋಡ್ರಿ. ಮುಂದಿನ ಅಂಚು ಸವೆದು ತಂತಿ ಹಿಂದ ಎಲ್ಲೋ ಕೂತಿತ್ತಂದ್ರ, ಉಳಿದ ಜಾಗಾದ ಮ್ಯಾಲೆ ಹಂಗ ಸವರತದ. ಕೇಳದನ ಜವಾರಿ ಸಿಕ್ಕಂಗಾತು. ಅಂದ್ರ ಸ್ಲಾಟ್ ಆಳ ಆಗದಿದ್ರೂ ಜಿರ್ ಅನ್ನಬಹುದು. ಮೂರನೇ ಫ್ರೆಟ್ಟಿನ ಪರೀಕ್ಷಾದಾಗ ಸಂದಿ ಸರಿ ಐತಿ, ಆದರೂ ಸದ್ದು ಬರ್ತದ ಅಂದ್ರ, ಪುಡಿ ತುಂಬೋದು ಬ್ಯಾಡ್ರಿ. ಹಿಂದಿನ ಕಡೆ ಅಷ್ಟ ನಾಕು ಸಲ ಉಜ್ಜಿ ಇಳಿಜಾರು ಮಾಡ್ರಿ, ಮುಂದಿನ ಅಂಚು ಮುಟ್ಟಬ್ಯಾಡ್ರಿ.

ಪೀಣ್ಯದಿಂದ, ಟೂಲ್‌ರೂಮ್ ಕೆಲಸದವರು

ಫೈಲ್ ಸೆಟ್ ಕೊಳ್ಳಬೇಡಿ. ಮೆಕ್ಯಾನಿಕ್‌ಗಳು ಬೈಕಿನ ಟ್ಯಾಪೆಟ್ ಅಡ್ಜಸ್ಟ್ ಮಾಡೋಕೆ ಇಟ್ಕೊಳ್ಳೋ ಫೀಲರ್ ಗೇಜ್, ಬೇರೆ ಬೇರೆ ದಪ್ಪದ ಸ್ಟೀಲ್ ಎಲೆಗಳ ಕಟ್ಟು, ಗೊತ್ತಲ್ಲ, ಅದೊಂದು ಸಾಕು, ಎರಡು ಕೆಲಸಕ್ಕೆ ಆಗುತ್ತೆ.

ಮೊದಲನೇದು ಗರಗಸ. 12-53 ಸೆಟ್‌ನಲ್ಲಿ ಜಿ ತಂತಿ 24, ಅಂದ್ರೆ 0.61 ಮಿ.ಮೀ. 0.65ರ ಎಲೆ ಬಿಚ್ಚಿ, ವೈಸ್‌ನಲ್ಲಿ ಕಚ್ಚಿಸಿ, ಅದರ ಅಂಚಿನ ಉದ್ದಕ್ಕೂ ತ್ರಿಕೋನದ ನೀಡಲ್ ಫೈಲ್‌ನಿಂದ ಹತ್ತಿರ ಹತ್ತಿರ ಹಲ್ಲು ಹಾಕಿ. ಮೂಳೆಯನ್ನೂ ಕೊಯ್ಯುತ್ತೆ. ತಳ ಚಪ್ಪಟೆ ಬರುತ್ತೆ, ಕೊನೆಗೆ ಹಳೇ ಜಿ ತಂತಿಯ ತುಂಡಿಗೆ ತೆಳು ಎಮರಿ ಪೇಪರ್ ಸುತ್ತಿ ಆಡಿಸಿದ್ರೆ ದುಂಡಗಾಗುತ್ತೆ. ಕೆಳಗಿನ ದಪ್ಪ ತಂತಿಗಳಿಗಾದ್ರೆ ಗ್ಯಾಸ್ ವೆಲ್ಡಿಂಗ್‌ನವರ ನಾಝಲ್ ಕ್ಲೀನರ್ ಸೆಟ್ ಚೆನ್ನ, ಎಸ್‌ಜೆಪಿ ರೋಡ್ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ. ಒಂದನೇ, ಎರಡನೇ ತಂತಿಗೆ ಅದು ಬಾಗಿ ಬಳುಕುತ್ತೆ, ಬೇಡ.

ಎರಡನೇದು ಅಳತೆ. ಒಂದು ಮತ್ತು ಎರಡನೇ ಫ್ರೆಟ್ ಮೇಲೆ ಸ್ಟೀಲ್ ಸ್ಕೇಲ್ ಇಡಿ, ಅದರ ತುದಿ ನಟ್‌ವರೆಗೆ ಚಾಚಲಿ. ನಟ್ ಪಕ್ಕದಲ್ಲಿ ಸ್ಕೇಲ್ ಅಡಿಗೂ ಫಿಂಗರ್‌ಬೋರ್ಡಿಗೂ ಎಷ್ಟು ಸಂದಿ ಅಂತ ಗೇಜ್ ಎಲೆಗಳನ್ನ ಸೇರಿಸಿ ನೋಡಿ. 1.00 ಬಂತು ಅನ್ನಿ. ಅದಕ್ಕೆ 0.15 ಸೇರಿಸಿ. ಆ 1.15ರ ಕಟ್ಟನ್ನ ನಟ್‌ಗೆ ಒತ್ತಿ ಫಿಂಗರ್‌ಬೋರ್ಡ್ ಮೇಲೆ ಇಟ್ಟು, ಮೇಲಿಂದ ಉಜ್ಜುತ್ತಾ ಬನ್ನಿ. ಗರಗಸ ಸ್ಟೀಲ್ ಮುಟ್ಟಿ ಕಿರ್ ಅಂದ ಕ್ಷಣ ನಿಲ್ಲಿಸಿ. ಬೇಕಂದ್ರೂ ಅದಕ್ಕಿಂತ ಆಳ ಹೋಗೋಕಾಗಲ್ಲ. ನಲವತ್ತು ಸಲ ತಂತಿ ಕೂರಿಸಿ ಪರೀಕ್ಷೆ ಮಾಡೋ ಕಾಟವೂ ತಪ್ಪುತ್ತೆ. ರಿಪೇರಿಯವರು ಬೇಜಾರು ಮಾಡ್ಕೋಬಾರದು!

ಉಡುಪಿಯಿಂದ

ನಾವು ಶುದ್ಧ ಸಸ್ಯಾಹಾರಿಗಳು, ಮೂಳೆ ಪುಡಿ ಅಂದ್ರೆ ಮನೆಯಲ್ಲಿ ಅಮ್ಮ ಒಪ್ಪುವುದಿಲ್ಲ. ಬೇರೆ ದಾರಿ ಉಂಟಾ?

ಬೆಂಗಳೂರಿನವರು

ಉಂಟು. ಮಾಡ್ಯುಲರ್ ಕಿಚನ್ ಮಾಡೋರ ಹತ್ತಿರ ಕೋರಿಯನ್ (Corian) ಅನ್ನೋ ಕೃತಕ ಕಲ್ಲಿನ ಸ್ಯಾಂಪಲ್ ಬಿಲ್ಲೆ ಬಿದ್ದಿರುತ್ತೆ, ಕೇಳಿದ್ರೆ ಕೊಡ್ತಾರೆ. ಅದು ಅಕ್ರಿಲಿಕ್, ಪ್ರಾಣಿಜನ್ಯ ಏನೂ ಇಲ್ಲ. ಮಾರ್ಟಿನ್ ಕಂಪನಿಯವರೇ ಎಷ್ಟೋ ಗಿಟಾರ್‌ಗಳಿಗೆ ಕೋರಿಯನ್ ನಟ್ ಹಾಕಿದ್ದಾರೆ. ಉಜ್ಜಿ ಪುಡಿ ಮಾಡಿ, ಅದೇ ಕ್ರಮ. ಕಪ್ಪು ಗ್ರಾಫೈಟ್ ನಟ್‌ಗೆ ಮಾತ್ರ ಈ ವಿದ್ಯೆ ಅಷ್ಟು ಹಿಡಿಯಲ್ಲ, ಅದು ಜಾರಲಿ ಅಂತಲೇ ಮಾಡಿದ್ದು. ಲಾಕ್ ಆಗೋ ಲೋಹದ ನಟ್ ಇದ್ರೆ ಈ ಚರ್ಚೆಯನ್ನೇ ಮರೆತುಬಿಡಿ. ಪೀಣ್ಯದವರ ಮೇಲೆ ಬೇಜಾರೇನಿಲ್ಲ, ಅಂಗಡಿಯಲ್ಲಿ ನಾವೂ ಅದನ್ನೇ ಮಾಡೋದು. ಕೊನೆಗೆ ತಂತಿ ಕೂರಿಸಿ ಕಿವಿಯಲ್ಲಿ ಕೇಳೋದು ಮಾತ್ರ ತಪ್ಪಲ್ಲ.

ಹಾಸನದಿಂದ

ಒಂದು ಪೊಳ್ಳು ಪ್ಲಾಸ್ಟಿಕ್ ಚೂರಿಗೆ ಇಷ್ಟೆಲ್ಲ ಯಾಕೆ ಸ್ವಾಮಿ? ಅಗ್ಗದ ಗಿಟಾರ್‌ಗಳ ನಟ್ ಕೆಳಗಡೆ ಟೊಳ್ಳಿರುತ್ತೆ. ತುಂಬಿಸಿ ನಾಲ್ಕು ತಿಂಗಳಲ್ಲಿ ಪಕ್ಕದ ಸ್ಲಾಟ್ ಕುಸಿಯುತ್ತೆ. ಕಚ್ಚು ಹಾಕಿರೋ ಹೊಸ ನಟ್ ತರಿಸಿ ಕೂರಿಸಿ. 42, 43 ಮಿ.ಮೀ. ಸಿಗುತ್ತೆ, ಕ್ಲಾಸಿಕಲ್‌ಗೆ 52. ಉದ್ದ ಒಂದೇ ನೋಡಬೇಡಿ. ದಪ್ಪ ಮತ್ತೆ ಒಂದನೇ ತಂತಿಯಿಂದ ಆರನೇ ತಂತಿಗಿರೋ ದೂರ, ಎರಡೂ ಹಳೇದಕ್ಕೆ ಹೊಂದಬೇಕು.

ಹಳೇದನ್ನ ತೆಗೆಯೋಕೆ ಸುತ್ತ ಬ್ಲೇಡ್‌ನಿಂದ ಗೆರೆ ಎಳೆದು, ಮರದ ತುಂಡು ಇಟ್ಟು ಫಿಂಗರ್‌ಬೋರ್ಡ್ ಕಡೆಯಿಂದ ಮೆಲ್ಲಗೆ ತಟ್ಟಿ. ಗೆರೆ ಎಳೆಯದೆ ತಟ್ಟಿದ್ರೆ ಹೆಡ್‌ಸ್ಟಾಕಿನ ಪಾಲಿಶ್ ಚಕ್ಕೆ ಎದ್ದು ಬರುತ್ತೆ. ಹೊಸದು ಎತ್ತರ ಜಾಸ್ತಿ ಇರೋದು ಖಂಡಿತ. ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಅಂಟಿಸಿ ತಳ ಉಜ್ಜಿ ಇಳಿಸಿ. ಕೂರಿಸೋಕೆ ಎರಡು ಚುಕ್ಕೆ ಅಂಟು ಸಾಕು, ಮುಂದೊಂದು ದಿನ ಮತ್ತೆ ತೆಗೀಬೇಕಲ್ಲ.

ಆರೂ ಸ್ಲಾಟ್ ಒಂದೇ ಸಮ ಇಳಿದಿದ್ರೆ ಅದೂ ಬೇಡ. ಹಳೇ ನಟ್ಟನ್ನೇ ಕಿತ್ತು ಅಡಿಗೆ ವಿಸಿಟಿಂಗ್ ಕಾರ್ಡಿನ ಪಟ್ಟಿ ಕೊಟ್ಟು ಎತ್ತಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ನೀವು ಹೇಳಿದ ಪರೀಕ್ಷೆ ಮಾಡಿದೆ. ಕೇಪೋ ಹಾಕಿದ್ರೆ ಸದ್ದು ಇಲ್ಲ. ನಾಲ್ಕನೇ ತಂತಿಯ ಐದನೇ ಫ್ರೆಟ್ ಕೂಡ ಚೊಕ್ಕ. ಮೂರನೇ ಫ್ರೆಟ್ ಒತ್ತಿ ನೋಡಿದ್ರೆ ಜಿ ತಂತಿ ಕೆಳಗೆ ಹಾಳೆ ಹೋಗೋದೇ ಇಲ್ಲ, ಉಳಿದ ತಂತಿಗಳ ಕೆಳಗೆ ಹೋಗುತ್ತೆ. ಒಂದನೇ, ಎರಡನೇ ತಂತಿಯ ಕೆಳಗಂತೂ ಹಾಳೆಯನ್ನ ನಾಲ್ಕು ಮಡಿಕೆ ಮಾಡಿದ್ರೂ ಹೋಗುತ್ತೆ. ಎಫ್ ಕಾರ್ಡ್ ನನಗೆ ಇವತ್ತಿಗೂ ಸರಿಯಾಗಿ ಬರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ಈಗ ಜಿ ಒಂದನ್ನೇ ತುಂಬಿಸಲಾ, ನಟ್ಟೇ ಬದಲಾಯಿಸಲಾ?

ಬೆಂಗಳೂರಿನವರು

ಸಂಬಂಧ ಇದೆ. ನಾಲ್ಕು ಮಡಿಕೆ ಅಂದ್ರೆ 0.4 ಮಿ.ಮೀ. ಹತ್ತಿರ, ಅದು ಜಾಸ್ತಿಯಾಯ್ತು. ಎಫ್ ಕಾರ್ಡ್‌ಗೆ ಒಂದನೇ ಫ್ರೆಟ್‌ನಲ್ಲಿ ಆರೂ ತಂತಿ ಒತ್ತಬೇಕು, ನಟ್ ಪಕ್ಕದಲ್ಲೇ ತಂತಿ ಅಷ್ಟು ಎತ್ತರ ಇದ್ರೆ ಎಂಥವರಿಗೂ ಕಷ್ಟ. ಒತ್ತಿದಾಗ ಸ್ವರವೂ ಮೇಲಕ್ಕೆ ಹೋಗುತ್ತೆ. ಕಾರ್ಖಾನೆಯಿಂದ ಬರುವಾಗಲೇ ಹೀಗಿರುತ್ತೆ, ಆಳ ಮಾಡಿ ಕೆಡಿಸೋದಕ್ಕಿಂತ ಎತ್ತರ ಬಿಟ್ಟು ಕಳಿಸೋದು ಅವರಿಗೆ ಕ್ಷೇಮ.

ಹಾಗಾಗಿ ಜಿ ಒಂದನ್ನ ತುಂಬಿಸಿ, ಪೀಣ್ಯದವರ ಲೆಕ್ಕದಲ್ಲಿ ಕಚ್ಚು ಹೊಡೀರಿ. ಜಿ ಸರಿಯಾದ ಮೇಲೆ ಅದೇ ಕೈಯಲ್ಲಿ ಒಂದು, ಎರಡನೇ ಸ್ಲಾಟ್‌ಗಳನ್ನೂ ಇಳಿಸಿ. ಒಂದನೇ ತಂತಿ 0.30, ಎರಡನೇದು 0.41 ಮಿ.ಮೀ., ಅದಕ್ಕೆ 0.35 ಮತ್ತು 0.45ರ ಎಲೆ. ಅಲ್ಲಿ 0.15ರ ಬದಲು 0.10 ಸೇರಿಸಿದ್ರೆ ಸಾಕು. ಒಂದುವೇಳೆ ಕೈಜಾರಿ ನಟ್ ಕೆಟ್ಟರೂ ಹಾಸನದವರ ದಾರಿ ಇದ್ದೇ ಇದೆ, ಹೊಸದು ಹಾಕೋದೇ. ಆಮೇಲೆ ತಂತಿ ಬದಲಾಯಿಸುವಾಗ 12-53ನ್ನೇ ಹಾಕಿ. 13ರ ಸೆಟ್ ಹಾಕಿದ್ರೆ ಈಗ ಅಳೆದು ಹೊಡೆದ ಸ್ಲಾಟ್‌ನಲ್ಲಿ ತಂತಿ ಸಿಕ್ಕಿಹಾಕ್ಕೊಂಡು ಶ್ರುತಿ ನಿಲ್ಲಲ್ಲ.