ರೆಕ್ಕೆಯ ಕಾರು ಮತ್ತು ಅಮ್ಮನ ಮಂಡಿ: ಹಳೆಯ ಅಮೆರಿಕನ್ ಕಾರು ಕೊಳ್ಳುವವರಿಗೆ ಅನುಭವಸ್ಥರ ಮಾತು

ಕೇಳಿದವರು, ಮಿಚಿಗನ್‌ನ ನೋವೈಯಿಂದ

ಈ ಬೇಸಿಗೆಗೆ ಅಪ್ಪ, ಅಮ್ಮ ಊರಿನಿಂದ ಬಂದು ಐದು ತಿಂಗಳು ನಮ್ಮ ಜೊತೆ ಇರುತ್ತಾರೆ. ಅಪ್ಪ ಚಿಕ್ಕವರಿದ್ದಾಗ ಚಿಕ್ಕಮಗಳೂರಿನ ಕಾಫಿ ತೋಟದ ಸಾಹುಕಾರರೊಬ್ಬರ ಪ್ಲಿಮತ್ ಕಾರನ್ನು ಒರೆಸಿಕೊಡುತ್ತಿದ್ದರಂತೆ. ಅದಕ್ಕೆ ಕೂಲಿ ಎಂದರೆ ತಿಂಗಳಿಗೊಮ್ಮೆ ಹಿಂದಿನ ಸೀಟಿನಲ್ಲಿ ಕುಳಿತು ಕಡೂರಿನವರೆಗೆ ಹೋಗಿ ಬರುವುದು. ಆ ಸೀಟಿನ ಸುಖದ ಬಗ್ಗೆ ಅವರು ಈಗಲೂ ಮಾತನಾಡುತ್ತಾರೆ. ಅವರಿಗಾಗಿ ಹಳೆಯ ಅಮೆರಿಕನ್ ಕಾರೊಂದನ್ನು ಕೊಳ್ಳಬೇಕೆಂದಿದ್ದೇನೆ. ಭಾನುವಾರ ದೇವಸ್ಥಾನಕ್ಕೆ, ಆಗಸ್ಟ್‌ನಲ್ಲಿ ವುಡ್‌ವರ್ಡ್ ರಸ್ತೆಯ ಕಾರುಗಳ ಮೆರವಣಿಗೆಗೆ, ಅಷ್ಟೇ ಓಡಾಟ. ಮೂರು ಕಾರು ಮನಸ್ಸಿನಲ್ಲಿವೆ: 1957ರ ಶೆವರ್ಲೆ ಬೆಲ್ ಏರ್, 1964ರ ಲಿಂಕನ್ ಕಾಂಟಿನೆಂಟಲ್, 1972ರ ಓಲ್ಡ್ಸ್‌ಮೊಬೈಲ್ ನೈಂಟಿ ಎಯ್ಟ್. ಅಪ್ಪನಿಗೆ ಹಿಂದೆ ರೆಕ್ಕೆ ಇರುವ, ಎಂದರೆ ಹಿಂಬದಿಯ ಎರಡೂ ಪಕ್ಕದ ಲೋಹ ರೆಕ್ಕೆಯಂತೆ ಮೇಲೆದ್ದಿರುವ ಕಾರೇ ಬೇಕು. ಅಮ್ಮನಿಗೆ ಎರಡೂ ಮಂಡಿ ನೋವು, ಉಡುವುದು ಸೀರೆ. ಚೆಂದ, ಕೂರುವ ಸುಖ ಎರಡನ್ನೂ ಕಂಡವರು ದಯವಿಟ್ಟು ಹೇಳಿ.

ಗ್ರ್ಯಾಂಡ್ ರ್ಯಾಪಿಡ್ಸ್‌ನಿಂದ

ಒಂಬತ್ತು ವರ್ಷದಿಂದ 1964ರ ಕಾಂಟಿನೆಂಟಲ್ ಇಟ್ಟುಕೊಂಡಿದ್ದೇನೆ. ಹಾಗಾಗಿ ನನ್ನ ಮಾತಿನಲ್ಲಿ ಪಕ್ಷಪಾತ ಇದ್ದೇ ಇರುತ್ತದೆ.

ಚೆಂದದ ವಿಷಯಕ್ಕೆ ಬಂದರೆ, 1959ರ ಕ್ಯಾಡಿಲಾಕ್‌ನ ರೆಕ್ಕೆ, ಅದರ ನಡುವಿನ ಜೋಡಿ ಕೆಂಪು ದೀಪ ನೋಡಿದ ಮೇಲೆ ಎರಡೇ ವರ್ಷಕ್ಕೆ, 1961ರಲ್ಲಿ, ಶುರುವಾದ ಲಿಂಕನ್‌ನ ಈ ರೂಪ ನೋಡಿ. ಮದುವೆ ಮನೆಯ ಗಲಾಟೆಯಿಂದ ಹೊರಬಂದು ಹಿತ್ತಲಲ್ಲಿ ನಿಂತಂತಾಗುತ್ತದೆ. ವಿನ್ಯಾಸಕಾರ ಎಲ್ವುಡ್ ಎಂಗೆಲ್ ಮೊದಲು ಇದನ್ನು ಫೋರ್ಡ್ ಕಂಪನಿಯದೇ ಆದ ಥಂಡರ್‌ಬರ್ಡ್ ಕಾರಿಗೆಂದು ರೂಪಿಸಿದ್ದರು, ಆಮೇಲೆ ಅದು ಲಿಂಕನ್ ಆಯಿತು. ಪಕ್ಕದ ಲೋಹ ನೇರ ಗೋಡೆಯಂತಿದೆ, ಅಂಚಿನಲ್ಲಿ ಒಂದೇ ಒಂದು ಕ್ರೋಮ್ ಗೆರೆ. ನಿಮ್ಮ ಮನೆಗೆ ಅಂಟಿಕೊಂಡಂತಿರುವ ವಿಕ್ಸಮ್‌ನ ಕಾರ್ಖಾನೆಯಲ್ಲೇ ತಯಾರಾದದ್ದು. ಅಪ್ಪನವರಿಗೆ ಅದನ್ನು ಹೇಳಿದರೆ ಖುಷಿಪಟ್ಟಾರು.

ಅಮ್ಮನವರಿಗೆ ಬೇಕಾಗುವುದು ಇದರ ಹಿಂಬಾಗಿಲು. ಅದರ ಕೀಲು ಹಿಂದುಗಡೆಗಿದೆ, ಹಾಗಾಗಿ ಹಳೆಯ ಮನೆಯ ಜೋಡಿ ಬಾಗಿಲಿನಂತೆ ಮುಂದಿನದೂ ಹಿಂದಿನದೂ ಎದುರುಬದುರಾಗಿ ತೆರೆಯುತ್ತವೆ. ನನ್ನ ಅತ್ತೆ ಸೀಟಿಗೆ ಬೆನ್ನು ಮಾಡಿ ನಿಂತು, ಮೆಲ್ಲಗೆ ಕುಳಿತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ಎಳೆದುಕೊಳ್ಳುತ್ತಾರೆ. ಸೆರಗು ಎಲ್ಲೂ ಸಿಕ್ಕುವುದಿಲ್ಲ. 1961ರ ಮಾದರಿಯಲ್ಲಿ ಹಿಂದೆ ಕಾಲು ಚಾಚಲು ಜಾಗ ಸಾಲದೆಂಬ ದೂರಿತ್ತು. 1964ರಲ್ಲಿ ಚಕ್ರಗಳ ನಡುವಿನ ಅಂತರವನ್ನು 123 ಇಂಚಿನಿಂದ 126 ಇಂಚಿಗೆ ಹಿಗ್ಗಿಸಿದರು. ಆ ಮೂರು ಇಂಚೂ ಹಿಂದೆ ಕೂರುವವರ ಪಾಲಿಗೆ ಬಂತು. ಕೊಳ್ಳುವುದಾದರೆ 1964 ಅಥವಾ ಅದರ ನಂತರದ್ದನ್ನೇ ಹುಡುಕಿ.

ಇನ್ನು ಕಷ್ಟ. ಗಾಡಿಯ ತೂಕ ಎರಡು ಟನ್ನಿಗೂ ಮೇಲೆ, 1964ರಲ್ಲಿ ನಾಲ್ಕೂ ಚಕ್ರಕ್ಕೆ ಬಿಸಿಯಾದರೆ ಹಿಡಿತ ಕಳೆದುಕೊಳ್ಳುವ ಹಳೆಯ ಬಗೆಯ ಡ್ರಮ್ ಬ್ರೇಕ್. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂದದ್ದು 1965ರಲ್ಲಿ. ವೈಪರ್ ನಡೆಯುವುದು ಪವರ್ ಸ್ಟೀರಿಂಗ್‌ನ ಎಣ್ಣೆಯ ಒತ್ತಡದಿಂದ! ಎಣ್ಣೆ ಸೋರಿದರೆ ಮಳೆಯಲ್ಲಿ ಎರಡೂ ಕೈಕೊಡುತ್ತವೆ. ನನಗೊಮ್ಮೆ ಹಾಗಾಗಿ, ರಸ್ತೆ ಬದಿಯಲ್ಲಿ ಎರಡು ಗಂಟೆ ಕುಳಿತು ಚಕ್ಕುಲಿ ತಿಂದದ್ದಾಯಿತು.

ಫೀನಿಕ್ಸ್‌ನಿಂದ

ಓಲ್ಡ್ಸ್‌ಮೊಬೈಲ್ ಬಗ್ಗೆ ನಾನು ಹೇಳುತ್ತೇನೆ. 1972ಕ್ಕೆ ಆ ಕಂಪನಿಗೆ 75 ತುಂಬಿತು, ಅದರ ನೆನಪಿಗೆ ನೈಂಟಿ ಎಯ್ಟ್‌ನಲ್ಲಿ ರೀಜೆನ್ಸಿ ಎಂಬ ವಿಶೇಷ ಮಾದರಿ ತಂದರು. ಡ್ಯಾಶ್‌ಬೋರ್ಡಿನಲ್ಲಿ ಟಿಫಾನಿ ಹೆಸರಿನ ಗಡಿಯಾರ, ಸೀಟಿನ ಮೇಲೆ ದಿಂಬುಗಳನ್ನು ಜೋಡಿಸಿಟ್ಟಂಥ ಮೆತ್ತೆ, ಮೇಲೆ ವೆಲೂರ್ ಬಟ್ಟೆ. ಆಮೇಲೆ ಹತ್ತು ವರ್ಷ ಅಮೆರಿಕದ ಅರ್ಧ ಕಾರುಗಳು ಇದೇ ದಿಂಬಿನ ಸೀಟನ್ನು ನಕಲು ಮಾಡಿದವು. 455 ಘನ ಇಂಚಿನ, ಎಂದರೆ ಏಳೂವರೆ ಲೀಟರಿನ ಎಂಜಿನ್ ಒಳಗಿದೆ ಎಂಬುದೇ ತಿಳಿಯುವುದಿಲ್ಲ, ಅಷ್ಟು ನಿಶ್ಶಬ್ದ. ಗ್ಯಾಲನ್‌ಗೆ 10 ಮೈಲಿ ಬಂದರೆ ಪುಣ್ಯ. ಸ್ಟೀರಿಂಗನ್ನು ಕಿರುಬೆರಳಿನಲ್ಲಿ ತಿರುಗಿಸಬಹುದು, ಆದರೆ ಚಕ್ರ ಯಾವ ಕಡೆಗಿದೆ ಎಂಬುದು ಕೈಗೆ ಗೊತ್ತಾಗುವುದಿಲ್ಲ. ರಸ್ತೆಯ ಉಬ್ಬು ದಾಟಿದ ಮೇಲೂ ತೆಪ್ಪದಂತೆ ಎರಡು ಸಲ ತೂಗುತ್ತದೆ. ಹಿಂದೆ ಕುಳಿತ ಮಕ್ಕಳಿಗೆ ಹೊಟ್ಟೆ ತೊಳಸುವುದು ಇದರಲ್ಲೇ.

ಮಿಚಿಗನ್‌ನ ಕಾರು ಬೇಡ, ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ತಳವನ್ನು ತಿಂದಿರುತ್ತದೆ, ಅರಿಜೋನಾದ ಕಾರೇ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ತಳದ ಮಟ್ಟಿಗೆ ಅದು ನಿಜ. ಒಳಗಿನ ಕಥೆ ಬೇರೆ. ನಮ್ಮ ಬಿಸಿಲಿಗೆ ಡ್ಯಾಶ್‌ಬೋರ್ಡು ಬೇಸಿಗೆಯ ಕೆರೆಯಂಗಳದಂತೆ ಬಿರಿಯುತ್ತದೆ. ಸೀಟಿನ ಮೇಲ್ಬಟ್ಟೆ ನೋಡಿ ಮರುಳಾಗಬೇಡಿ. ಅಂಗೈಯಿಂದ ಗಟ್ಟಿಯಾಗಿ ಒತ್ತಿ, ಆಮೇಲೆ ಸೀಟಿನ ಕೆಳಗೆ ಟಾರ್ಚ್ ಬಿಡಿ. ನೆಲದ ಮೇಲೆ ಕಡಲೆಹಿಟ್ಟು ಚೆಲ್ಲಿದಂತೆ ಹಳದಿ ಪುಡಿ ಕಂಡರೆ ಒಳಗಿನ ಫೋಮ್ ಸತ್ತಿದೆ ಎಂದರ್ಥ. ನಾನು ಒತ್ತಿ ನೋಡದೆ ಕೊಂಡೆ. ಸೀಟು ಬಿಚ್ಚಿ ಕಟ್ಟಿಸಿದ ಖರ್ಚನ್ನು ಹೆಂಡತಿಗೆ ಇನ್ನೂ ಪೂರ್ತಿ ಹೇಳಿಲ್ಲ.

ಒಹಾಯೊದಿಂದ

ನಮ್ಮ ಮನೆಯವರು ಬೆಲ್ ಏರ್ ಭಕ್ತರು. ಇದುವರೆಗೆ ಬರೆದವರೆಲ್ಲ ಓಡಿಸುವವರು. ನಾನು ಸೀರೆ ಉಟ್ಟು ಪಕ್ಕದಲ್ಲಿ ಕೂರುವವಳು, ನನ್ನದನ್ನೂ ಕೇಳಿ.

ಆ ಕಾಲದ ಕಾರುಗಳ ಮುಂಗಾಜು ವಿಮಾನದ ಹಾಗೆ ಎರಡೂ ಪಕ್ಕಕ್ಕೆ ಸುತ್ತಿಕೊಂಡಿರುತ್ತದೆ. ಹೊರಗಿನಿಂದ ಬಲು ಚೆಂದ, ಒಳಗೆ ಕುಳಿತರೆ ಇಡೀ ಬೀದಿ ಮಡಿಲಲ್ಲಿದ್ದಂತೆ ಕಾಣುತ್ತದೆ. ಆದರೆ ಗಾಜು ಸುತ್ತಿದ ಕಾರಣಕ್ಕೆ ಮುಂದಿನ ಕಂಬ ಮೊಣಕಾಲಿನ ಹಾಗೆ ಮಡಿಚಿ ಬಾಗಿಲಿನ ದಾರಿಯೊಳಗೆ ಚಾಚಿಕೊಂಡಿದೆ. ಇಳಿಯುವಾಗ ಅದರ ಮೂಲೆ ಸರಿಯಾಗಿ ಮಂಡಿಚಿಪ್ಪಿಗೇ ಬಡಿಯುತ್ತದೆ. ಮೊದಲ ಬೇಸಿಗೆಯಲ್ಲಿ ನನ್ನ ಬಲ ಮಂಡಿ ಮೂರು ಸಲ ನೀಲಿಗಟ್ಟಿತು. ನಿಮ್ಮ ತಾಯಿಯವರನ್ನು ಇದರ ಮುಂದಿನ ಸೀಟಿನಲ್ಲಿ ಮಾತ್ರ ಕೂರಿಸಬೇಡಿ.

ಹಿಂದಿನ ಸೀಟು ಬೇರೆಯೇ. ನಾಲ್ಕು ಬಾಗಿಲಿನ ಸೆಡಾನ್ ಆದರೆ ಕಾರಿನ ಎತ್ತರ ಸುಮಾರು ಐದು ಅಡಿ, ಸೀಟು ಊಟದ ಮೇಜಿನ ಕುರ್ಚಿಯಷ್ಟು ಎತ್ತರದಲ್ಲಿದೆ, ಬೆನ್ನು ನೆಟ್ಟಗೆ ನಿಲ್ಲುತ್ತದೆ. ನಮ್ಮ ಅಂಬಾಸಡರ್‌ನಲ್ಲಿ ಕುಳಿತ ನೆನಪಾಗುತ್ತದೆ. ಎರಡು ಬಾಗಿಲಿನ ಹಾರ್ಡ್‌ಟಾಪ್, ಎಂದರೆ ಪಕ್ಕದ ಕಿಟಕಿಗಳ ನಡುವೆ ಕಂಬವಿಲ್ಲದ್ದು, ಬೇಡವೇ ಬೇಡ. ಹಿಂದಕ್ಕೆ ಹೋಗಲು ಮುಂದಿನ ಸೀಟಿನ ಬೆನ್ನು ಮಡಿಚಿ, ಸೊಂಟ ಬಗ್ಗಿಸಿ ತೂರಬೇಕು. ಆದರೆ ಜನ ಮುಗಿಬೀಳುವುದು ಅದಕ್ಕೇ. ನಾಲ್ಕು ಬಾಗಿಲಿನದಕ್ಕೆ ಬೆಲೆ ಬಹಳ ಕಡಿಮೆ, ಅದು ನಿಮಗೆ ಲಾಭ.

ಏಸಿ ಇರುವ ಕಾರು ಸಿಗುವುದು ಅಪರೂಪ. ವಿನೈಲ್ ಸೀಟು ಬಿಸಿಲಿಗೆ ದೋಸೆ ಕಾವಲಿ. ನಾನು ಒಂದು ಹತ್ತಿಯ ಜಮಖಾನ ಹಾಸುತ್ತೇನೆ. ಮನೆಯವರಿಗೆ ಅದರಿಂದ ಕಾರಿನ ಅಂದ ಕೆಡುತ್ತದಂತೆ. ಕೆಡಲಿ.

ಪೆಟ್ರೋಲ್ ಬಂಕಿನ ವಿಷಯ ಹೇಳಲೇಬೇಕು. 1957ರ ಬೆಲ್ ಏರ್‌ನಲ್ಲಿ ಪೆಟ್ರೋಲ್ ಹಾಕುವ ಬಾಯಿ ಎಡ ರೆಕ್ಕೆಯ ಹಿಂತುದಿಯ ಕ್ರೋಮ್ ಪಟ್ಟಿಯ ಹಿಂದೆ ಅಡಗಿದೆ. ಮೊದಲ ದಿನ ನಾವಿಬ್ಬರೂ ಕಾರಿಗೆ ಎರಡು ಪ್ರದಕ್ಷಿಣೆ ಹಾಕಿದೆವು, ಸಿಗಲಿಲ್ಲ. ಹಿಂದಿನ ಕಾರಿನ ವೃದ್ಧರೊಬ್ಬರು ಇಳಿದು ಬಂದು, ಒಂದೂ ಮಾತಾಡದೆ ಆ ಪಟ್ಟಿಯನ್ನು ಹೊರಳಿಸಿ ತೆಗೆದು ಹೋದರು.

ಆಸ್ಟಿನ್‌ನಿಂದ

ಯಾರೂ ಫೋರ್ಡ್ ಮುಸ್ತಾಂಗ್ ಎನ್ನುತ್ತಿಲ್ಲವಲ್ಲ? ಬಿಡಿಭಾಗ ಬೇಕಾದಷ್ಟು ಸಿಗುತ್ತವೆ, ಗ್ಯಾರೇಜಿನಲ್ಲಿ ಆರಾಮವಾಗಿ ಹಿಡಿಸುತ್ತದೆ.

ಒಹಾಯೊದಿಂದ

ಅದರ ಹಿಂದಿನ ಸೀಟಿನಲ್ಲಿ ನೀವೇ ಒಮ್ಮೆ ಕುಳಿತು, ಎದ್ದು ಬಂದು ಬರೆಯಿರಿ.

ಬೆಂಗಳೂರಿನಿಂದ

ನಿಮ್ಮ ತಂದೆಯವರ ನೆನಪಿನ ಕಾರಿನ ಬಗ್ಗೆ ಯಾರೂ ಕೇಳಲಿಲ್ಲ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ನಮ್ಮ ಕಡೆ ಓಡಾಡಿದ ಪ್ಲಿಮತ್, ಡಾಡ್ಜ್ ಕಾರುಗಳಲ್ಲಿ ಅನೇಕವು ಬೊಂಬಾಯಿಯಲ್ಲಿ ಪ್ರೀಮಿಯರ್ ಕಂಪನಿ ಜೋಡಿಸಿದವು, ಬಲಗಡೆ ಸ್ಟೀರಿಂಗ್ ಇದ್ದವು. ನಮ್ಮ ತಾತನ ಮನೆಯಲ್ಲೂ ಅಂಥದೊಂದಿತ್ತು, 1951ರದು. ಅದಕ್ಕೆ ರೆಕ್ಕೆಯೇ ಇರಲಿಲ್ಲ! ದುಂಡಗೆ, ಎತ್ತರಕ್ಕೆ, ಮೂರು ಡಬ್ಬಿ ಜೋಡಿಸಿಟ್ಟಂತೆ ಇತ್ತು.

ಅದಕ್ಕೆ ಕಾರಣ ಕೆ. ಟಿ. ಕೆಲ್ಲರ್. ಆಗ ಪ್ಲಿಮತ್, ಡಾಡ್ಜ್ ಎರಡನ್ನೂ ತಯಾರಿಸುತ್ತಿದ್ದ ಕ್ರೈಸ್ಲರ್ ಕಂಪನಿಯ ಮುಖ್ಯಸ್ಥರು. ಗಂಡಸು ಹ್ಯಾಟ್ ತೆಗೆಯದೆ ಕಾರಿನಲ್ಲಿ ಕೂರುವಂತಿರಬೇಕು ಎಂಬುದು ಅವರ ಹಟ. ಬೇರೆಯವರು ಕಾರನ್ನು ತಗ್ಗಿಸುತ್ತ, ಉದ್ದ ಮಾಡುತ್ತ ಹೋದಾಗಲೂ ಅವರು ಬಗ್ಗಲಿಲ್ಲ. ಕುರ್ಚಿಯೆತ್ತರದ ಸೀಟು ಎಂದು ಕಂಪನಿ ಜಾಹೀರಾತನ್ನೇ ಕೊಡುತ್ತಿತ್ತು. ಅಮೆರಿಕದಲ್ಲಿ ಜನ ಅದನ್ನು ಮುದುಕರ ಕಾರೆಂದು ಮೂಗು ಮುರಿದರು, ಮಾರಾಟ ಬಿತ್ತು. ಆಮೇಲೆ ವರ್ಜಿಲ್ ಎಕ್ಸ್‌ನರ್ ಕೈಗೆ ವಿನ್ಯಾಸ ಹೋಗಿ, 1957ರ ಹೊತ್ತಿಗೆ ಅದೇ ಪ್ಲಿಮತ್ ನೆಲಕ್ಕೆ ತಗ್ಗಿ, ಬೆನ್ನಿಗೆ ಭರ್ಜರಿ ರೆಕ್ಕೆ ಮೂಡಿಸಿಕೊಂಡಿತು. ಅವಸರದಲ್ಲಿ ತಯಾರಿಸಿದ್ದರಿಂದ ಬಹಳ ಬೇಗ ತುಕ್ಕೂ ಹಿಡಿಯಿತು.

ಇಲ್ಲಿ ಮಾತ್ರ ಕೆಲ್ಲರ್ ಕಾಲದ ಕಾರೇ ಒಗ್ಗಿತು. ನಮ್ಮ ತಾತ ಮೈಸೂರು ಪೇಟ ಕಟ್ಟಿಕೊಂಡೇ ಮದುವೆಗಳಿಗೆ ಅದರಲ್ಲಿ ಹೋಗುತ್ತಿದ್ದರು, ಪೇಟ ಮಾಡಿಗೆ ತಾಗುತ್ತಿರಲಿಲ್ಲ. ಅಜ್ಜಿ ಕಾಲು ಮಡಿಚಿ ಸೀಟಿನ ಮೇಲೆಯೇ ಪದ್ಮಾಸನ ಹಾಕುತ್ತಿದ್ದರು. ನಿಮ್ಮ ತಂದೆಯವರು ಅರವತ್ತು ವರ್ಷದಿಂದ ಹೊಗಳುತ್ತಿರುವುದು ಆ ಎತ್ತರವನ್ನೇ ಇರಬೇಕು. ಮೆತ್ತಗಿದ್ದರೆ ಸುಖ ಎಂದು ನಾವು ತಿಳಿದಿದ್ದೇವೆ. ಮಂಡಿ ನೋವಿನವರಿಗೆ ಎದ್ದು ಬರಲು ಆಗುವ ಸೀಟೇ ಸುಖದ ಸೀಟು. ಮೂರೂ ಕಾರಿನ ಹತ್ತಿರ ಒಂದು ಅಳತೆ ಪಟ್ಟಿ ಒಯ್ದು, ನೆಲದಿಂದ ಹಿಂದಿನ ಸೀಟಿನ ಅಂಚಿನವರೆಗೆ ಅಳೆಯಿರಿ. ಫೋಟೊ ನೋಡಿ ತೀರ್ಮಾನ ಮಾಡಬೇಡಿ.

ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ಧನ್ಯವಾದ. ಮಾರಲಿಟ್ಟ ಕಾರುಗಳನ್ನು ನೋಡಲು ಅಪ್ಪ, ಅಮ್ಮ ಇಬ್ಬರನ್ನೂ ಕರೆದುಕೊಂಡೇ ಹೋದೆ.

ಓಲ್ಡ್ಸ್‌ಮೊಬೈಲ್‌ನಲ್ಲಿ ಅಮ್ಮ ಕುಳಿತ ತಕ್ಷಣ ಕಣ್ಣು ಮುಚ್ಚಿ, ‘ಅಯ್ಯೋ, ಎಷ್ಟು ಹಾಯಾಗಿದೆಯೋ’ ಎಂದರು. ಏಳುವಾಗ ನಾನೊಂದು ಕೈ, ಮಾರುವವನ ಹೆಂಡತಿಯೊಂದು ಕೈ ಹಿಡಿದು ಎಳೆಯಬೇಕಾಯಿತು. ಇಳಿದು ನಿಂತವರು ಸೀಟನ್ನು ಒಮ್ಮೆ ತಿರುಗಿ ನೋಡಿ, ‘ಇದು ಮಲಗುವವರಿಗೆ’ ಎಂದರು. ಗ್ಯಾರೇಜಿನ ಲೆಕ್ಕದಲ್ಲೂ ಅದು ನಪಾಸು. ಕಾರಿನ ಉದ್ದ 19 ಅಡಿ, ನಮ್ಮ ಗ್ಯಾರೇಜು 20. ಗೋಡೆಗೆ ಒತ್ತಿಟ್ಟ ಸೋನಾ ಮಸೂರಿ ಚೀಲಗಳನ್ನು ಕದಲಿಸಲು ಹೆಂಡತಿ ಒಪ್ಪಲಿಲ್ಲ.

ಲಿಂಕನ್‌ನ ಬಾಗಿಲು ನೀವು ಹೇಳಿದಂತೆಯೇ ಅದ್ಭುತ. ಒಳಹೋಗುವುದು ಬಲು ಸಲೀಸು. ಸೀಟು ಮಾತ್ರ ತಗ್ಗು, ಏಳುವಾಗ ಅಮ್ಮ ಬಾಗಿಲಿನ ಅಂಚನ್ನೇ ಹಿಡಿದುಕೊಂಡರು. ಆ ಬಾಗಿಲು ಹಿಂದಕ್ಕೆ ಸರಿಯುತ್ತದೆ, ನನಗೆ ಎದೆ ಧಸಕ್ಕೆಂದಿತು. ಅಪ್ಪ ಸುತ್ತ ಒಂದು ಸುತ್ತು ಬಂದು, ‘ಮಿನಿಸ್ಟರ್ ಕಾರಿನ ಹಾಗಿದೆ, ಮಾತಾಡಿಸಲು ಭಯವಾಗುತ್ತದೆ’ ಎಂದರು.

ಕೊನೆಗೆ ನಾಲ್ಕು ಬಾಗಿಲಿನ ಬೆಲ್ ಏರ್. ಅಳತೆ ಪಟ್ಟಿ ತೆಗೆಯುವಷ್ಟರಲ್ಲಿ ಅಮ್ಮ ತಾವಾಗಿಯೇ ಹಿಂದೆ ಕುಳಿತು, ತಾವಾಗಿಯೇ ಎದ್ದು, ಮತ್ತೆ ಕುಳಿತಿದ್ದರು. ಅಪ್ಪ ಮಾತ್ರ ಹತ್ತಲೇ ಇಲ್ಲ. ಜೇಬಿನಿಂದ ಕರವಸ್ತ್ರ ತೆಗೆದು ಬಾಯಿಯಿಂದ ಹಬೆ ಊದಿ ಎಡ ರೆಕ್ಕೆಯನ್ನು ಒರೆಸುತ್ತ ನಿಂತರು. ಮಾರುವವನು ಬೆಲೆಯಲ್ಲಿ ಇಳಿಯಲಿಲ್ಲ, ಇಳಿಯುವ ಕಾರಣವೂ ಅವನಿಗೆ ಕಾಣಲಿಲ್ಲವೇನೋ.

ಬಣ್ಣ ಅಲ್ಲಲ್ಲಿ ಮಾಸಿದೆ, ತಳ ಗಟ್ಟಿಯಿದೆ, ನಾಲ್ಕೂ ಡ್ರಮ್ ಬ್ರೇಕ್. ವೈಪರ್ ನಡೆಯುವುದು ಎಂಜಿನ್ ಗಾಳಿ ಹೀರುವಾಗ ಉಂಟಾಗುವ ನಿರ್ವಾತದಿಂದ, ಆಕ್ಸಿಲರೇಟರ್ ಒತ್ತಿದರೆ ನಿಧಾನವಾಗುತ್ತದೆ. ಎಲ್ಲೂ ಸೀಟ್ ಬೆಲ್ಟ್ ಇಲ್ಲ. ಹಿಂದಿನ ಸೀಟಿಗೆ ಬೆಲ್ಟ್ ಹಾಕಿಸದೆ ರಸ್ತೆಗೆ ಇಳಿಸುವುದಿಲ್ಲ. ಹಾಕಿಸಿದವರು ಇದ್ದರೆ, ನೆಲಕ್ಕೆ ರಂಧ್ರ ಕೊರೆಯುವುದು ಎಲ್ಲಿ, ಹೇಗೆ ಎಂದು ಹೇಳುತ್ತೀರಾ?

ಒಹಾಯೊದಿಂದ

ಮನೆಯವರನ್ನು ಕೇಳಿ ಬರೆಯುತ್ತಿದ್ದೇನೆ. ಬರೀ ತಗಡಿಗೆ ಬೋಲ್ಟ್ ಹಾಕಿದರೆ ಪೆಟ್ಟು ಬಿದ್ದಾಗ ಕಿತ್ತು ಬರುತ್ತದೆ, ನೆಲದ ಕೆಳಗಿನಿಂದ ಅಂಗೈಯಗಲದ ದಪ್ಪ ಉಕ್ಕಿನ ಫಲಕ ಕೊಟ್ಟೇ ಬಿಗಿಯಬೇಕು. ಕೊರೆಯುವ ಮೊದಲು ಕೆಳಗೆ ಬ್ರೇಕಿನ ಕೊಳವೆ, ಪೆಟ್ರೋಲಿನ ಕೊಳವೆ ಎಲ್ಲಿವೆ ಎಂದು ಮಲಗಿ ನೋಡಿಕೊಳ್ಳಿ. ಹಳೆಯ ಕಾರಿನ ಕೆಲಸ ಬಲ್ಲ ವೆಲ್ಡರ್ ಕೈಯಲ್ಲಿ ಮಾಡಿಸಿದರೆ ಇನ್ನೂ ಒಳ್ಳೆಯದು. ಬಕಲ್ ಎಡಗಡೆಗೋ ಬಲಗಡೆಗೋ ಎಂಬುದನ್ನು ಮಾತ್ರ ಅಮ್ಮನವರನ್ನು ಸೀರೆಯಲ್ಲೇ ಕೂರಿಸಿ, ಸೆರಗು ಬೀಳುವ ಕಡೆ ನೋಡಿ ಗುರುತು ಹಾಕಿಸಿ. ಜಮಖಾನ ಬೇಕಿದ್ದರೆ ನನ್ನ ಹತ್ತಿರ ಇನ್ನೊಂದಿದೆ, ಅಂಚೆಯಲ್ಲಿ ಕಳುಹಿಸುತ್ತೇನೆ.